ಗಾಳಿಗೆ ಬಿಟ್ಟ ತಗಡು

ತೊಟ್ಟಿಲ ಮೇಲೆ ಏನಾದರೊಂದನ್ನು ತೂಗಿಬಿಡುವುದು ನಮಗೆ ಹೊಸದೇನಲ್ಲ. ಬಟ್ಟೆಯಲ್ಲಿ ಹೊಲಿದ ಗಿಣಿಗಳನ್ನು ದಾರಕ್ಕೆ ಪೋಣಿಸಿ ಕಟ್ಟಿದರೆ ಮಗು ಅವನ್ನೇ ನೋಡುತ್ತ ಅಳು ಮರೆಯುತ್ತಿತ್ತು. ಈಗ ಅಂಗಡಿಗಳಲ್ಲಿ ಪ್ಲಾಸ್ಟಿಕ್ಕಿನ ಮೀನು, ಆನೆ, ಅರ್ಧಚಂದ್ರ ಸಿಗುತ್ತವೆ. ಡಬ್ಬಿಯ ಮೇಲೆ ‘ಮೊಬೈಲ್’ ಎಂದು ಬರೆದಿರುವುದನ್ನು ಕಂಡು ‘ಇದರಲ್ಲಿ ಫೋನ್ ಎಲ್ಲಿ?’ ಎಂದು ಹುಡುಕುವವರೂ ಉಂಟು. ಆದರೆ ಈ ಹೆಸರು ನಮ್ಮ ಜೇಬಿನ ಫೋನಿಗಿಂತ ಎಷ್ಟೋ ಹಳೆಯದು. 1931ರಲ್ಲಿ ಪ್ಯಾರಿಸ್ಸಿನ ಒಂದು ಸ್ಟುಡಿಯೋದಲ್ಲಿ ಕಲಾವಿದ ಮಾರ್ಸೆಲ್ ದ್ಯೂಶಾಂ ತನ್ನ ಗೆಳೆಯನ ಹೊಸ ಶಿಲ್ಪವೊಂದನ್ನು ನೋಡಿ ಕೊಟ್ಟ ಹೆಸರು ಅದು. ಫ್ರೆಂಚಿನಲ್ಲಿ ಆ ಪದಕ್ಕೆ ಚಲಿಸುವಂಥದ್ದು ಎಂಬ ಅರ್ಥವಿದೆ, ಒಂದು ಕೆಲಸದ ಹಿಂದಿನ ಉದ್ದೇಶ ಎಂಬ ಅರ್ಥವೂ ಇದೆ. ಶ್ಲೇಷೆ ಎಂದರೆ ದ್ಯೂಶಾಂಗೆ ಪ್ರಾಣ. ಮರುವರ್ಷ ಇನ್ನೊಬ್ಬ ಗೆಳೆಯ ಜ್ಯಾನ್ ಆರ್ಪ್, ಹಾಗಾದರೆ ಹೋದ ವರ್ಷ ನೀನು ಮಾಡಿದ, ಅಲುಗಾಡದ ವಸ್ತುಗಳೆಲ್ಲ ಏನು, ‘ಸ್ಟೇಬೈಲ್’ಗಳೇ ಎಂದು ಕಾಲೆಳೆದ. ಆ ಹೆಸರೂ ಉಳಿಯಿತು.

ಶಿಲ್ಪಿಯ ಹೆಸರು ಅಲೆಕ್ಸಾಂಡರ್ ಕಾಲ್ಡರ್. ಗಮನಿಸಬೇಕಾದ ಒಂದು ಸಂಗತಿಯಿದೆ. ದ್ಯೂಶಾಂ ಅಂದು ಹೆಸರಿಟ್ಟದ್ದು ಗಾಳಿಗೆ ತೂಗುವ ಶಿಲ್ಪಕ್ಕಲ್ಲ, ಮೋಟಾರಿನಿಂದ ನಡೆಯುವ ಒಂದು ಯಂತ್ರಕ್ಕೆ. ಇಂದು ನಾವು ಮೊಬೈಲ್ ಎನ್ನುವ ವಸ್ತು ಆಗಿನ್ನೂ ಹುಟ್ಟಿರಲಿಲ್ಲ. ಮೋಟಾರನ್ನು ಬಿಟ್ಟು ಗಾಳಿಯನ್ನು ನೆಚ್ಚಿಕೊಳ್ಳಲು ಆತನಿಗೆ ಇನ್ನೂ ಒಂದೆರಡು ವರ್ಷ ಬೇಕಾಯಿತು. ಕಾಲ್ಡರ್ ಜೀವನದಲ್ಲಿ ಅತಿ ದೊಡ್ಡ ನಿರ್ಧಾರ ಯಾವುದು ಎಂದು ಕೇಳಿದರೆ ನಾನು ಇದನ್ನೇ ಹೇಳುತ್ತೇನೆ. ಆತ ಓದಿದ್ದು ಎಂಜಿನಿಯರಿಂಗ್. ಒಂದು ವಸ್ತು ತಾನು ಹೇಳಿದಂತೆ ನಡೆಯುವ ಹಾಗೆ ಮಾಡುವುದು ಎಂಜಿನಿಯರನ ವಿದ್ಯೆ. ಕಾಲ್ಡರ್ ಅದೇ ವಿದ್ಯೆಯನ್ನು, ತಾನು ಹೇಳಿದಂತೆ ನಡೆಯದ ವಸ್ತುವನ್ನು ಮಾಡಲು ಬಳಸಿದ.

ಮನೆತನವೇ ಶಿಲ್ಪಿಗಳದ್ದು. ಫಿಲಡೆಲ್ಫಿಯಾದ ಸಿಟಿ ಹಾಲ್ ಗೋಪುರದ ತುದಿಯಲ್ಲಿ ನಿಂತಿರುವ ವಿಲಿಯಂ ಪೆನ್ನನ 37 ಅಡಿಯ ಕಂಚಿನ ಪ್ರತಿಮೆ ಅಜ್ಜನ ಕೆಲಸ. ಅಲ್ಲಿಂದ ಹೊರಡುವ ದೊಡ್ಡ ರಸ್ತೆಯ ನಡುವಿನ ಸ್ವಾನ್ ಕಾರಂಜಿ ಅಪ್ಪನದು. ಅದೇ ರಸ್ತೆಯ ಕೊನೆಯಲ್ಲಿರುವ ಕಲಾ ಸಂಗ್ರಹಾಲಯದ ಮೆಟ್ಟಿಲ ಮೇಲೆ ಮೊಮ್ಮಗನ ಬಿಳಿಯ ಮೊಬೈಲ್ ತೂಗುತ್ತದೆ. ಅದರ ಹೆಸರು ‘ಘೋಸ್ಟ್’. ಕ್ರೈಸ್ತರ ತ್ರಿಮೂರ್ತಿಗಳನ್ನು ನೆನೆದು ಆ ಊರಿನವರು ಇದನ್ನು ತಂದೆ, ಮಗ ಮತ್ತು ಅಪವಿತ್ರ ಆತ್ಮ ಎಂದು ತಮಾಷೆ ಮಾಡುತ್ತಾರೆ. ತಾಯಿ ಚಿತ್ರಕಾರ್ತಿ. ಇಂಥ ಮನೆಯಲ್ಲಿ 1898ರಲ್ಲಿ ಹುಟ್ಟಿದ ಹುಡುಗ 1909ರ ಕ್ರಿಸ್‌ಮಸ್ಸಿಗೆ ಅಪ್ಪ ಅಮ್ಮನಿಗೆ ಹಿತ್ತಾಳೆ ತಗಡನ್ನು ಕತ್ತರಿಸಿ ಮಡಿಸಿ ಒಂದು ನಾಯಿ, ಒಂದು ಬಾತುಕೋಳಿ ಮಾಡಿಕೊಟ್ಟ. ಬಾತುಕೋಳಿಯನ್ನು ಮೆಲ್ಲನೆ ತಟ್ಟಿದರೆ ಅದು ತೂಗಾಡುತ್ತಿತ್ತು.

ಆದರೂ ಮಗ ಕಲೆಯನ್ನು ನಂಬಿ ಕೆಡುವುದು ತಂದೆ ತಾಯಿಗೆ ಬೇಕಿರಲಿಲ್ಲ. ನಮಗಿದು ಪರಿಚಿತ ಕಥೆಯೇ. ಹುಡುಗ ನ್ಯೂಜರ್ಸಿಯ ಸ್ಟೀವನ್ಸ್ ಕಾಲೇಜಿಗೆ ಸೇರಿ 1919ರಲ್ಲಿ ಮೆಕ್ಯಾನಿಕಲ್ ಎಂಜಿನಿಯರ್ ಆದ. ಆಮೇಲೆ ಯಾವ ಕೆಲಸದಲ್ಲೂ ನಿಲ್ಲಲಿಲ್ಲ. 1922ರಲ್ಲಿ ಎಚ್. ಎಫ್. ಅಲೆಕ್ಸಾಂಡರ್ ಎಂಬ ಪ್ರಯಾಣಿಕರ ಹಡಗಿನ ಬಾಯ್ಲರ್ ಕೋಣೆಯಲ್ಲಿ ಕೆಲಸಕ್ಕಿದ್ದ. ಗ್ವಾಟೆಮಾಲಾ ಕರಾವಳಿಯ ಬಳಿ ಒಂದು ಬೆಳಗಿನ ಜಾವ ಡೆಕ್ಕಿನ ಮೇಲೆ ಮಲಗಿದ್ದವನಿಗೆ ಎಚ್ಚರವಾದಾಗ, ಒಂದು ಕಡೆ ಕೆಂಪಗೆ ಉರಿಯುತ್ತ ಏಳುವ ಸೂರ್ಯ, ಇನ್ನೊಂದು ಕಡೆ ಬೆಳ್ಳಿ ನಾಣ್ಯದಂಥ ಚಂದ್ರ. ಎರಡೂ ಒಟ್ಟಿಗೆ. ಆ ನೋಟವನ್ನು ಆತ ಮುಪ್ಪಿನ ತನಕ ಹೇಳಿಕೊಂಡ. ಎದುರುಬದುರು ತೂಗುವ ಎರಡು ಬಿಲ್ಲೆಗಳು ಆತನ ಶಿಲ್ಪದಲ್ಲಿ ಎಷ್ಟು ಸಲ ಬರುತ್ತವೆ ಎಂದು ನೋಡಿದವರಿಗೆ ಈ ಮಾತು ಉತ್ಪ್ರೇಕ್ಷೆ ಅನ್ನಿಸುವುದಿಲ್ಲ.

ಮರುವರ್ಷ ನ್ಯೂಯಾರ್ಕಿನ ಕಲಾಶಾಲೆ, ಪತ್ರಿಕೆಗೆ ಚಿತ್ರ ಬರೆಯುವ ಕೆಲಸ. 1925ರಲ್ಲಿ ಪತ್ರಿಕೆಯವರು ಸರ್ಕಸ್ಸಿನ ಚಿತ್ರ ಬರೆದು ತಾ ಎಂದು ಕಳಿಸಿದರು. ಅಲ್ಲಿ ಎರಡು ವಾರ ಕಳೆದವನು ಆ ಗುಂಗಿನಿಂದ ಹೊರಬರಲೇ ಇಲ್ಲ. ಮುಂದಿನ ವರ್ಷ ಪ್ಯಾರಿಸ್ ಸೇರಿ ತಂತಿ, ಬೆಂಡು, ಬಟ್ಟೆ ಚೂರು, ಗುಂಡಿಗಳಲ್ಲಿ ಒಂದು ಪುಟ್ಟ ಸರ್ಕಸ್ಸನ್ನೇ ಕಟ್ಟತೊಡಗಿದ. ಸಿಂಹ, ಕತ್ತಿ ನುಂಗುವವನು, ಜೋಕಾಲಿಯಿಂದ ಜೋಕಾಲಿಗೆ ಹಾರುವವರು. ಎಲ್ಲವನ್ನೂ ಕೈಯಿಂದ ಆಡಿಸುವವನು, ಮಾತಾಡುವವನು, ಸಿಂಹದಂತೆ ಗರ್ಜಿಸುವವನು ಆತನೊಬ್ಬನೇ. ನಮ್ಮ ಸೂತ್ರದ ಗೊಂಬೆಯಾಟದವರು ಕಂಡಿದ್ದರೆ ಇವನು ನಮ್ಮವನೇ ಎನ್ನುತ್ತಿದ್ದರೇನೋ. ಕೊನೆಗೆ ಅದು ಐದು ಸೂಟ್‌ಕೇಸ್ ತುಂಬುವಷ್ಟಾಯಿತು. ನೋಡಲು ಬಂದವರಲ್ಲಿ ಮಿರೋ ಇದ್ದ, ಮಾಂಡ್ರಿಯಾನ್ ಇದ್ದ. ಹಾರುವ ಗೊಂಬೆ ಒಮ್ಮೊಮ್ಮೆ ಗುರಿ ತಪ್ಪಿ ಕೆಳಗೆ ಬೀಳುತ್ತಿತ್ತು. ಆಟದ ರುಚಿ ಇದ್ದದ್ದೂ ಅಲ್ಲೇ.

1930ರ ಅಕ್ಟೋಬರಿನಲ್ಲಿ ಆತ ಮಾಂಡ್ರಿಯಾನನ ಸ್ಟುಡಿಯೋಗೆ ಹೋದ. ಬಿಳಿಯ ಗೋಡೆಯ ಮೇಲೆ ಕೆಂಪು, ಹಳದಿ, ನೀಲಿ ರಟ್ಟಿನ ಆಯತಗಳು. ಇವೆಲ್ಲ ಬೇರೆಬೇರೆ ವೇಗದಲ್ಲಿ ತೂಗಾಡಿದರೆ ಚೆನ್ನಾಗಿರುತ್ತದಲ್ಲವೇ ಎಂದು ಕೇಳಿದ. ಮಾಂಡ್ರಿಯಾನ್ ನಗಲಿಲ್ಲ. ಅದೇನೂ ಬೇಕಿಲ್ಲ, ನನ್ನ ಚಿತ್ರಗಳು ಈಗಾಗಲೇ ಸಾಕಷ್ಟು ವೇಗವಾಗಿವೆ ಎಂದ. ಇಬ್ಬರೂ ಸರಿಯೇ. ಆದರೆ ಕಾಲ್ಡರ್ ಮನೆಗೆ ಹೋಗಿ ಎರಡು ಮೂರು ವಾರ ಚಿತ್ರ ಬರೆಯಲು ಹೆಣಗಿ, ತನಗೆ ತಂತಿಯೇ ಸರಿ ಎಂದು ಅದಕ್ಕೇ ಮರಳಿದ. ಮನುಷ್ಯ, ಪ್ರಾಣಿಗಳ ಆಕಾರ ಹಿಂದೆ ಸರಿದು ಗೋಳ, ವೃತ್ತ, ಕಡ್ಡಿಗಳು ಬಂದವು. ಅವಕ್ಕೆ ಹಿಡಿಕೆ ಬಂತು, ಮೋಟಾರ್ ಬಂತು.

ಮೋಟಾರಿನ ತೊಂದರೆ ಏನೆಂದರೆ ಅದು ಪಾಠ ಒಪ್ಪಿಸುತ್ತದೆ. ಒಂದು ಸುತ್ತು ನೋಡಿದರೆ ಮುಂದಿನ ಸುತ್ತು ಏನೆಂದು ಗೊತ್ತು. ಆತ 1932–33ರಲ್ಲಿ ಮಾಡಿದ ‘ಸ್ಮಾಲ್ ಸ್ಫಿಯರ್ ಅಂಡ್ ಹೆವಿ ಸ್ಫಿಯರ್’ ಎಂಬ ಕೃತಿ ಈ ಬೇಸರದಿಂದ ಹೊರಬಂದದ್ದು. ಮೇಲಿನಿಂದ ತೂಗುವ ಒಂದು ಅಡ್ಡ ಕಡ್ಡಿ, ಅದರ ಒಂದು ತುದಿಗೆ ಭಾರದ ಕೆಂಪು ಗುಂಡು, ಇನ್ನೊಂದು ತುದಿಯಿಂದ ಉದ್ದ ದಾರದಲ್ಲಿ ಇಳಿಬಿಟ್ಟ ಹಗುರ ಬಿಳಿ ಗುಂಡು. ನೆಲದ ಮೇಲೆ ಕೆಲವು ಖಾಲಿ ಬಾಟಲಿ, ಒಂದು ಡಬ್ಬ, ಮರದ ಪೆಟ್ಟಿಗೆ. ಗುಂಡನ್ನು ತಳ್ಳಿದರೆ ಪುಟ್ಟ ಗುಂಡು ಅಲೆಯುತ್ತ ಹೋಗಿ ಒಂದಕ್ಕೆ ಟಣ್ ಎಂದು ಬಡಿಯುತ್ತದೆ, ಇನ್ನೊಂದನ್ನು ಕೂದಲೆಳೆಯಲ್ಲಿ ತಪ್ಪಿಸುತ್ತದೆ, ಎಲ್ಲಿಗೋ ತಿರುಗುತ್ತದೆ. ಮುಂದಿನ ಸದ್ದು ಯಾವಾಗ ಎಂದು ಯಾರಿಗೂ ಗೊತ್ತಿಲ್ಲ, ಮಾಡಿದವನಿಗೂ.

ಇದರ ಹಿಂದಿರುವ ಗಣಿತ ಮಾತ್ರ ನಮ್ಮ ದಿನಸಿ ಅಂಗಡಿಯ ತಕ್ಕಡಿಯದ್ದೇ. ಹಳೆಯ ಏತವನ್ನು ಕಂಡವರಿಗೆ ಇನ್ನೂ ಬೇಗ ತಿಳಿಯುತ್ತದೆ. ಕಡ್ಡಿಯನ್ನು ತೂಗಿಬಿಟ್ಟ ಜಾಗದಿಂದ ಒಂದು ಕಡೆ 30 ಸೆಂಟಿಮೀಟರ್ ದೂರದಲ್ಲಿ 100 ಗ್ರಾಂ ತಗಡಿದ್ದರೆ, ಇನ್ನೊಂದು ಕಡೆ 10 ಸೆಂಟಿಮೀಟರ್ ದೂರದಲ್ಲಿ 300 ಗ್ರಾಂ ಬೇಕು. ಕಡ್ಡಿಯ ಭಾರವನ್ನು ಸದ್ಯಕ್ಕೆ ಮರೆಯೋಣ. ಕಾಲ್ಡರ್ ಕೆಳಗಿನಿಂದ ಮೇಲಕ್ಕೆ ಕಟ್ಟುತ್ತಿದ್ದ. ಮೊದಲು ಅತಿ ಸಣ್ಣ ಜೋಡಿ. ಅದು ಸಮ ತೂಗುವ ಜಾಗವನ್ನು ಬೆರಳ ಮೇಲಿಟ್ಟು ಹುಡುಕಿ, ಅಲ್ಲಿ ಇಕ್ಕಳದಿಂದ ಕೊಕ್ಕೆ ಬಗ್ಗಿಸಿ, ಆ ಇಡೀ ಜೋಡಿಯನ್ನು ಮುಂದಿನ ಕಡ್ಡಿಯ ತುದಿಗೆ ಒಂದೇ ತೂಕವೆಂಬಂತೆ ಸಿಕ್ಕಿಸುವುದು. ಅದಕ್ಕೆ ಎದುರಾಗಿ ಮತ್ತೊಂದು ತಗಡು, ಮತ್ತೆ ಸಮತೂಕ, ಮತ್ತೆ ಕೊಕ್ಕೆ. ಹೀಗೆ ತಕ್ಕಡಿಯ ತುದಿಗೆ ತಕ್ಕಡಿ. ಪ್ರತಿ ಕೊಕ್ಕೆಯಲ್ಲೂ ಆ ಕೆಳಗಿನ ಭಾಗ ತನ್ನಷ್ಟಕ್ಕೆ ತಿರುಗಬಲ್ಲದು.

ಚಾತುರ್ಯ ಇನ್ನೊಂದು ಕಡೆ ಇದೆ. ತಗಡಿನ ತೂಕ ಬೇರೆ, ಅಗಲ ಬೇರೆ. ತೂಕ ತಕ್ಕಡಿಯ ಲೆಕ್ಕಕ್ಕೆ ಬರುತ್ತದೆ, ಅಗಲ ಗಾಳಿಯ ಲೆಕ್ಕಕ್ಕೆ. ಸಣ್ಣ ದಪ್ಪ ತಗಡೊಂದು ಅಗಲವಾದ ತೆಳು ತಗಡನ್ನು ಸರಿಯಾಗಿ ತೂಗಿ ನಿಲ್ಲಿಸಬಹುದು, ಆದರೆ ಗಾಳಿ ಬೀಸಿದಾಗ ಎರಡರ ನಡೆ ಒಂದೇ ಅಲ್ಲ. ಹೀಗಾಗಿ ನಿಂತಾಗ ಎಲ್ಲವೂ ಲೆಕ್ಕಕ್ಕೆ ಸಿಕ್ಕಿದ್ದು, ಗಾಳಿ ಬಂದೊಡನೆ ಯಾವ ಲೆಕ್ಕಕ್ಕೂ ಸಿಗದ್ದು. ಮಕ್ಕಳ ಆಟಿಕೆಯಂತಿದೆ ಎಂದು ಮೂಗು ಮುರಿದವರು ಆಗಲೂ ಇದ್ದರು. ಒಮ್ಮೆ ತಂತಿ, ರಟ್ಟು ಹಿಡಿದು ಮೂರು ಹಂತದ್ದನ್ನು ಮಾಡಲು ಕೂತು ನೋಡಿ, ಎರಡನೆಯ ಹಂತದಲ್ಲೇ ಬೆವರುತ್ತೀರಿ.

1937ರಲ್ಲಿ ಸ್ಪೇನಿನ ಅಂತರ್ಯುದ್ಧದ ನಡುವೆ ಪ್ಯಾರಿಸ್ಸಿನ ಜಾಗತಿಕ ಪ್ರದರ್ಶನದಲ್ಲಿ ಅಲ್ಲಿನ ಗಣರಾಜ್ಯ ಸರ್ಕಾರ ತನ್ನ ಮಂಟಪ ಹಾಕಿತು. ಪಿಕಾಸೋನ ‘ಗೆರ್ನಿಕಾ’ ಮೊದಲು ಕಾಣಿಸಿದ್ದು ಅಲ್ಲೇ. ಅದರ ಮುಂದೆ ಕಾಲ್ಡರ್‌ನ ಕಾರಂಜಿ. ಅದರಲ್ಲಿ ಹರಿಯುತ್ತಿದ್ದದ್ದು ನೀರಲ್ಲ, ಪಾದರಸ. ಫ್ರಾಂಕೋ ಪಡೆಗಳ ಕಣ್ಣು ಬಿದ್ದಿದ್ದ ಅಲ್ಮಾದೆನ್ ಗಣಿಗಳ ಪಾದರಸ. ಅದು ಲೋಹಗಳನ್ನು ತಿನ್ನುವುದರಿಂದ ಕಬ್ಬಿಣದ ತಟ್ಟೆಗಳಿಗೆ ಟಾರಿನಂಥ ಲೇಪ ಬಳಿದಿದ್ದರು. ತಟ್ಟೆಯಿಂದ ತಟ್ಟೆಗೆ ಜಾರುವ ರಸ ಒಂದು ಹಲಗೆಗೆ ಬಡಿದರೆ ಮೇಲಿನ ಕಡ್ಡಿ ಅಲುಗಿ, ತಂತಿಯಲ್ಲಿ ಬರೆದ ಗಣಿಯ ಹೆಸರು ತೂಗುತ್ತಿತ್ತು. ಜನ ಅದಕ್ಕೆ ನಾಣ್ಯ ಎಸೆದು ಅವು ತೇಲುವುದನ್ನು ನೋಡಿ ಬೆರಗಾಗುತ್ತಿದ್ದರು. ಈಗ ಅದು ಬಾರ್ಸಿಲೋನಾದ ಮಿರೋ ಫೌಂಡೇಶನ್ನಿನಲ್ಲಿದೆ. ಪಾದರಸದ ಆವಿ ವಿಷವಾದ್ದರಿಂದ ಗಾಜಿನ ಗೋಡೆಯ ಹಿಂದೆ.

ಕಾಲ್ಡರ್ ಭಾರತಕ್ಕೂ ಬಂದಿದ್ದ. 1955ರ ಜನವರಿಯಲ್ಲಿ, ಹೆಂಡತಿ ಲೂಯಿಸಾ ಜೊತೆ. ಕರೆದವರು ಅಹಮದಾಬಾದಿನ ಗಿರಾ ಸಾರಾಭಾಯಿ. ಅಣ್ಣ ಗೌತಮ್ ಜೊತೆ ಸೇರಿ ಮುಂದೆ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯನ್ನು ರೂಪಿಸಿದವರು ಅವರೇ. ಒಪ್ಪಂದ ಸರಳ: ನಾವು ನಿಮಗೆ ದೇಶ ತೋರಿಸುತ್ತೇವೆ, ನೀವು ನಮಗೆ ಶಿಲ್ಪ ಮಾಡಿಕೊಡಿ. ಮೂರು ವಾರದ ವಾಸ್ತವ್ಯದಲ್ಲಿ ಆತ ಹಲವು ಶಿಲ್ಪಗಳನ್ನೂ ಕೆಲವು ಆಭರಣಗಳನ್ನೂ ಅಲ್ಲೇ ಮಾಡಿದ. ಕಾಲ್ಡರ್ ಕುರಿತ ಬರಹಗಳಲ್ಲಿ ಇದಕ್ಕೆ ಸಿಗುವುದು ಒಂದೆರಡು ಸಾಲು. 2012ರಲ್ಲಿ ಲಂಡನ್ನಿನ ಒಂದು ಗ್ಯಾಲರಿ ‘ಕಾಲ್ಡರ್ ಇನ್ ಇಂಡಿಯಾ’ ಎಂದು ಪ್ರದರ್ಶನ ಮಾಡಿದ ಮೇಲೆ ಸ್ವಲ್ಪ ಹೆಚ್ಚು. ನನಗೆ ಇದು ಮುಖ್ಯ ಅನ್ನಿಸುವುದು ದೇಶಾಭಿಮಾನದಿಂದಲ್ಲ. ಸಂಗ್ರಹಾಲಯಕ್ಕೆಂದಲ್ಲದೆ, ಒಂದು ಮನೆಗೆ, ಆ ಮನೆಯವರು ನೋಡುವುದಕ್ಕೆ ಮಾಡಿದ ಶಿಲ್ಪಗಳು ಅವು.

ಏಕೆಂದರೆ ಸಂಗ್ರಹಾಲಯಕ್ಕೂ ಮೊಬೈಲಿಗೂ ಅಷ್ಟಾಗಿ ಆಗಿಬರುವುದಿಲ್ಲ. ಸಂಗ್ರಹಾಲಯಕ್ಕೆ ವಸ್ತು ಉಳಿಯಬೇಕು. ಕಿಟಕಿ ಮುಚ್ಚಿರಬೇಕು, ಯಾರೂ ಮುಟ್ಟಬಾರದು, ತಂತಿ ಸವೆಯಬಾರದು. ಹಾಗೆ ಕಾಪಾಡಿದ ಮೊಬೈಲ್ ಎಷ್ಟೋ ಸಲ ಸುಮ್ಮನೆ ನಿಂತಿರುತ್ತದೆ. ಉಳಿದದ್ದು ತಗಡು, ಹೋದದ್ದು ಚಲನೆ. ಆ ಸರ್ಕಸ್ಸೂ ಹಾಗೇ. ಅದು ಈಗ ನ್ಯೂಯಾರ್ಕಿನ ವಿಟ್ನಿ ಸಂಗ್ರಹಾಲಯದ್ದು. ಗೊಂಬೆಗಳು ಗಾಜಿನೊಳಗೆ. ಅವು ಆಡುತ್ತಿದ್ದ ಬಗೆ ತಿಳಿಯಬೇಕೆಂದರೆ, ತಲೆ ನೆರೆತ ಕಾಲ್ಡರ್ ನೆಲದ ಮೇಲೆ ಮಂಡಿಯೂರಿ ಆಡಿಸುತ್ತಿರುವ 1961ರ ಚಲನಚಿತ್ರ ನೋಡಬೇಕು. ವಿಟ್ನಿಯವರಿಗೂ ಇದು ಚುಚ್ಚಿರಬೇಕು. 2017ರ ಒಂದು ಪ್ರದರ್ಶನದಲ್ಲಿ ಗೊತ್ತಾದ ಹೊತ್ತಿಗೆ ಸಿಬ್ಬಂದಿ ಬಂದು ಶಿಲ್ಪಗಳನ್ನು ಮೆಲ್ಲನೆ ತಳ್ಳುವ ಏರ್ಪಾಟು ಮಾಡಿದ್ದರು. ದೇವಸ್ಥಾನದಲ್ಲಿ ಮಂಗಳಾರತಿಗೆ ಕಾದಂತೆ ಜನ ಕಾಯುತ್ತಿದ್ದರು ಎಂದು ಊಹಿಸಬಹುದು.

ಇದಕ್ಕಿಂತ ಘೋರವಾದದ್ದು ಪಿಟ್ಸ್‌ಬರ್ಗ್ ಪ್ರಕರಣ. 1958ರಲ್ಲಿ ಆತ ಮಾಡಿದ ದೊಡ್ಡ ಕಪ್ಪು–ಬಿಳಿ ಮೊಬೈಲ್ ಆ ಊರಿನ ಸಾರ್ವಜನಿಕ ಸ್ವತ್ತಾಗಿ ವಿಮಾನ ನಿಲ್ದಾಣಕ್ಕೆ ಬಂತು. ಆಡಳಿತದವರು ಅದಕ್ಕೆ ತಮ್ಮ ಕೌಂಟಿಯ ಬಣ್ಣಗಳಾದ ಹಸಿರು, ಹೊಂಬಣ್ಣ ಬಳಿಸಿದರು. ಕೀಲುಗಳನ್ನು ಬಿಗಿದು, ಮೋಟಾರ್ ಹಾಕಿ ತಿರುಗಿಸಿದರು. ಕಾಲ್ಡರ್ ಪ್ರತಿಭಟಿಸಿದ್ದು ಯಾರ ಕಿವಿಗೂ ಬೀಳಲಿಲ್ಲ. ಮೂಲ ಬಣ್ಣ ಮರಳಿದ್ದು ಆತ ಸತ್ತ ಮೇಲೆ. ಬಣ್ಣದ ವಿಷಯ ಬಿಡಿ, ನನ್ನನ್ನು ತಡೆದು ನಿಲ್ಲಿಸುವುದು ಆ ಮೋಟಾರು. ಇಪ್ಪತ್ತೈದು ವರ್ಷ ಹಿಂದೆ ಆತ ಯಾವುದನ್ನು ಬಿಟ್ಟು ಹೊರಬಂದಿದ್ದನೋ ಅದನ್ನೇ ತಂದು ಕೊರಳಿಗೆ ಕಟ್ಟಿದ್ದರು.

ಕೊನೆಯ ಎರಡು ದಶಕಗಳಲ್ಲಿ ಖ್ಯಾತಿ, ಹಣ, ಊರೂರುಗಳಿಂದ ಬೇಡಿಕೆ. ಫ್ರಾನ್ಸಿನ ತೂರ್‌ನಲ್ಲಿ, ಅಮೆರಿಕದ ಕನೆಕ್ಟಿಕಟ್‌ನಲ್ಲಿ ಕಾರ್ಖಾನೆಗಳು ಆತನ ಪುಟ್ಟ ಮಾದರಿಗಳನ್ನು ಮನೆಯೆತ್ತರದ ಉಕ್ಕಿನ ಶಿಲ್ಪಗಳನ್ನಾಗಿ ಹಿಗ್ಗಿಸಿದವು. ಚಿಕಾಗೋದ ಕೆಂಪು ‘ಫ್ಲೆಮಿಂಗೋ’ ಅಂಥದ್ದು, 1974ರದು. ಅಂದವಾಗಿದೆ. ಆದರೆ ಈ ಕಾಲದ ಎಷ್ಟೋ ಶಿಲ್ಪಗಳು ಚೌಕದ ಅಲಂಕಾರವಾಗಿ ನಿಂತುಬಿಟ್ಟಿವೆ ಅನ್ನಿಸುತ್ತದೆ. ಮನುಷ್ಯ ಮಾತ್ರ ಅಲಂಕಾರವಾಗಲಿಲ್ಲ. ವಿಯೆಟ್ನಾಂ ಯುದ್ಧದ ವಿರುದ್ಧ ಗಂಡ ಹೆಂಡತಿ ಬಹಿರಂಗವಾಗಿ ನಿಂತರು. 1977ರ ಜನವರಿಯಲ್ಲಿ ಅಧ್ಯಕ್ಷ ಫೋರ್ಡ್ ಮರಣೋತ್ತರವಾಗಿ ದೇಶದ ಅತ್ಯುನ್ನತ ಪದಕ ಕೊಟ್ಟಾಗ, ಆ ಯುದ್ಧಕ್ಕೆ ಹೋಗಲೊಪ್ಪದ ಹುಡುಗರಿಗೆ ಕ್ಷಮಾದಾನ ಸಿಗಲಿ ಎಂದು ಮನೆಯವರು ಸಮಾರಂಭಕ್ಕೇ ಹೋಗಲಿಲ್ಲ.

ಆತ ತೀರಿಕೊಂಡದ್ದು 1976ರ ನವೆಂಬರ್ 11ರಂದು, ನ್ಯೂಯಾರ್ಕಿನಲ್ಲಿ. ವಿಟ್ನಿಯಲ್ಲಿ ಆತನ ದೊಡ್ಡ ಪ್ರದರ್ಶನ ಶುರುವಾಗಿ ಕೆಲವೇ ವಾರಗಳಾಗಿದ್ದವು. ಆಗ ವಾಷಿಂಗ್ಟನ್ನಿನ ರಾಷ್ಟ್ರೀಯ ಗ್ಯಾಲರಿಯ ಹೊಸ ಕಟ್ಟಡಕ್ಕೆಂದು ಒಪ್ಪಿಕೊಂಡಿದ್ದ ಮೊಬೈಲ್ ಇನ್ನೂ ಮುಗಿದಿರಲಿಲ್ಲ. ಅಗಲ 76 ಅಡಿ. ಉಕ್ಕಿನಲ್ಲಿ ಮಾಡಿದರೆ ಟನ್ನುಗಟ್ಟಲೆ ಭಾರ. ಅಷ್ಟು ಭಾರವನ್ನು ಒಳಾಂಗಣದ ಗಾಳಿ ಅಲುಗಿಸಲಾರದು, ಮೋಟಾರೇ ಬೇಕಾದೀತು ಎಂಬ ಮಾತು ಬಂದಿತ್ತು. ಆಗ ಪಾಲ್ ಮಾಟಿಸ್ ಎಂಬ ಶಿಲ್ಪಿ, ಚಿತ್ರಕಾರ ಆನ್ರಿ ಮಾಟಿಸ್‌ನ ಮೊಮ್ಮಗ, ಆ ರೆಕ್ಕೆಗಳನ್ನು ಜೇನುಗೂಡಿನಂತೆ ಒಳಗೆಲ್ಲ ಪೊಳ್ಳಾದ ಅಲ್ಯೂಮಿನಿಯಂ ಹಲಗೆಗಳಲ್ಲಿ ಮಾಡಿಸಿದ. ಒಟ್ಟು ತೂಕ 920 ಪೌಂಡಿಗೆ, ಎಂದರೆ ಸುಮಾರು 417 ಕಿಲೋಗೆ ಇಳಿಯಿತು. 1977ರ ನವೆಂಬರಿನಲ್ಲಿ ಅದನ್ನು ಛಾವಣಿಯಿಂದ ಇಳಿಬಿಟ್ಟರು. ಕಟ್ಟಡದೊಳಗಿನ ಗಾಳಿ ಸಾಕಾಯಿತು. ಮೋಟಾರ್ ಹಾಕಲಿಲ್ಲ.