ಅಟ್ಟದ ಮೇಲಿನ ಸಾಲ್ಮನ್ ಡಬ್ಬಿ, ಮನೆಗೆ ಬರದ ಒಣ ಮೀನು

ಕಳೆದ ಭಾನುವಾರದ ವಿಡಿಯೋದಲ್ಲಿ ಮಾತಾಡಿದ್ದನ್ನೇ ಸ್ವಲ್ಪ ತಿದ್ದಿ ಇಲ್ಲಿ ಬರೆದಿದ್ದೇನೆ. ಡೊಂಬಿವಲಿ ಲೋಕಲ್‌ನಲ್ಲಿ ಒಂದು ಕೈಯಲ್ಲಿ ಹಿಡಿ, ಇನ್ನೊಂದು ಕೈಯಲ್ಲಿ ಫೋನು ಹಿಡಿದು ನಲವತ್ತು ನಿಮಿಷ ವಿಡಿಯೋ ನೋಡೋಕೆ ಆಗಲ್ಲ, ಓದೋಕಾದರೂ ಕೊಡಿ ಅಂತ ಕೆಲವರು ಕೇಳಿದ್ದರು.

ವಿಷಯ ಶುರುವಾಗಿದ್ದು ನಾಲ್ಕು ಡಬ್ಬಿಗಳಿಂದ. ಐರೋಲಿಯ ನಮ್ಮ ಆಫೀಸಿನ ಸಹೋದ್ಯೋಗಿಯೊಬ್ಬ ಸಿಯಾಟಲ್‌ನಲ್ಲಿ ಎರಡು ವರ್ಷ ಆನ್‌ಸೈಟ್ ಇದ್ದು ವಾಪಸ್ ಬಂದ. ಬರುವಾಗ ಚಾಕಲೇಟಿನ ಜೊತೆ ಅಲ್ಲಿನ ಮನೆಯಲ್ಲಿ ಉಳಿದಿದ್ದ ಸಾಲ್ಮನ್ ಡಬ್ಬಿಗಳನ್ನೂ ತಂದಿದ್ದ. ಅವನ ಹೆಂಡತಿ ಮೀನು ಮುಟ್ಟಲ್ಲ. "ನೀನು ಕುಂದಾಪುರದವನಲ್ವಾ, ಏನಾದ್ರೂ ಮಾಡ್ಕೋ" ಅಂತ ನನ್ನ ಬ್ಯಾಗಿಗೆ ತುರುಕಿದ. ನಾನು ತಂದು ಅಡುಗೆಮನೆಯ ಅಟ್ಟದ ಮೇಲಿಟ್ಟೆ. ಒಂದು ವರ್ಷ ಅಲ್ಲೇ ಇತ್ತು. ಕುಂದಾಪುರದವನಿಗೆ ಬಂಗುಡೆ ಗೊತ್ತು, ಬೂತಾಯಿ ಗೊತ್ತು. ಡಬ್ಬಿಯೊಳಗಿನ ಗುಲಾಬಿ ಮೀನನ್ನು ಏನು ಮಾಡಬೇಕು ಅಂತ ಯಾರು ಹೇಳಿಕೊಟ್ಟಿದ್ದಾರೆ?

ಮೊದಲು ಒಂದು ಗೊಂದಲ ಬಿಡಿಸಿಬಿಡ್ತೀನಿ. ಇಲ್ಲಿ ಬೇಲಾಪುರದ ದಿವಾಳೆ ಗ್ರಾಮದ ಮೀನು ಮಾರ್ಕೆಟ್ಟಿಗೆ ಹೋದರೆ ರಾವಸ್ ಸಿಗುತ್ತೆ. ಅದನ್ನೇ ಹೋಟೆಲ್ ಮೆನುವಿನಲ್ಲಿ 'ಇಂಡಿಯನ್ ಸಾಲ್ಮನ್' ಅಂತ ಬರೆದಿರ್ತಾರೆ. ರಾವಸಿಗೂ ಸಾಲ್ಮನ್‌ಗೂ ಯಾವ ನೆಂಟಸ್ತಿಕೆಯೂ ಇಲ್ಲ. ನಿಜವಾದ ಸಾಲ್ಮನ್ ತಣ್ಣೀರಿನ ಮೀನು, ನಮ್ಮ ಅರಬ್ಬೀ ಸಮುದ್ರದಲ್ಲಿ ಇಲ್ಲವೇ ಇಲ್ಲ. ಊರಿನ ಮೀನು ನೆನಪಾದ ಇಂಗ್ಲಿಷರು ಇಲ್ಲಿ ಸಿಕ್ಕ ಮೀನಿಗೆ ಅದೇ ಹೆಸರಿಟ್ಟರು. ನಾವು ನವಿ ಮುಂಬಯಿಯಲ್ಲಿ ಸಿಕ್ಕ ಯಾವುದೋ ಸೊಪ್ಪಿಗೆ ಊರಿನ ಸೊಪ್ಪಿನ ಹೆಸರು ಹೇಳಿ ಸಮಾಧಾನ ಮಾಡ್ಕೊಳ್ಳಲ್ವಾ, ಹಾಗೆ.

ಈಗ ಡಬ್ಬಿಯ ಕಥೆಗೆ ಬರೋಣ. ನೆಪೋಲಿಯನ್ ಕಾಲದ ಫ್ರಾನ್ಸಿನಲ್ಲಿ ಸೈನ್ಯಕ್ಕೆ ಕೆಡದ ಊಟ ಬೇಕಿತ್ತು. ನಿಕೊಲಾ ಅಪೇರ್ ಅನ್ನೋ ಅಡುಗೆಯವನು ಗಾಜಿನ ಬಾಟಲಿಗೆ ಆಹಾರ ತುಂಬಿ, ಬಿರಡೆ ಬಿಗಿದು, ಕುದಿಯುವ ನೀರಿನಲ್ಲಿಟ್ಟರೆ ಕೆಡಲ್ಲ ಅಂತ ತೋರಿಸಿದ. 1810ರಲ್ಲಿ ಅವನಿಗೆ ಸರ್ಕಾರದಿಂದ 12,000 ಫ್ರಾಂಕ್ ಸಿಕ್ಕಿತು. ಯಾಕೆ ಕೆಡಲ್ಲ ಅನ್ನೋದು ಅವನಿಗೂ ಗೊತ್ತಿರಲಿಲ್ಲ. ಸೂಕ್ಷ್ಮಜೀವಿಗಳ ಬಗ್ಗೆ ಪಾಶ್ಚರ್ ಹೇಳಿದ್ದು ಅರ್ಧ ಶತಮಾನ ಆದ ಮೇಲೆ. ಕೋಡ್ ಓಡ್ತಾ ಇದೆ, ಯಾಕೆ ಓಡ್ತಾ ಇದೆ ಗೊತ್ತಿಲ್ಲ, ಮುಟ್ಟಬೇಡಿ! ನಮಗೆ ಪರಿಚಯದ ಪರಿಸ್ಥಿತಿಯೇ. ಅದೇ 1810ರಲ್ಲಿ ಲಂಡನ್ನಿನಲ್ಲಿ ಪೀಟರ್ ಡುರಾಂಡ್ ತವರ ಲೇಪಿಸಿದ ಡಬ್ಬಿಗೆ ಪೇಟೆಂಟ್ ತಗೊಂಡ. ಡಬ್ಬಿ ಬಂತು, ಆದರೆ ಅದನ್ನು ಬಿಚ್ಚುವ ಓಪನರಿಗೆ ಪೇಟೆಂಟ್ ಆಗಿದ್ದು 1850ರ ದಶಕದಲ್ಲಿ. ಅಲ್ಲೀತನಕ ಸುತ್ತಿಗೆ, ಉಳಿಯೇ ಗತಿ.

ಸಾಲ್ಮನ್ ಡಬ್ಬಿಗೆ ಹೋಗಿದ್ದು 1864ರಲ್ಲಿ, ಕ್ಯಾಲಿಫೋರ್ನಿಯಾದ ಸ್ಯಾಕ್ರಮೆಂಟೊ ನದಿಯಲ್ಲಿ ಒಂದು ದೋಣಿಯ ಮೇಲೆ. ಹ್ಯೂಮ್ ಸಹೋದರರು ಮತ್ತು ಹ್ಯಾಪ್‌ಗುಡ್ ಸೇರಿ, ತಗಡು ಕತ್ತರಿಸಿ ಕೈಯಲ್ಲೇ ಡಬ್ಬಿ ಬೆಸೆದು ಶುರು ಮಾಡಿದರು. ಮೊದಲ ವರ್ಷದ ಮಾಲಿನಲ್ಲಿ ಸುಮಾರು ಅರ್ಧ ಕೆಟ್ಟೇ ಹೋಯಿತು. ಆಮೇಲೆ ಕೊಲಂಬಿಯಾ ನದಿಗೆ ಹೋದರು, ಉದ್ಯಮ ಅಲ್ಲಿಂದ ಅಲಾಸ್ಕಾ ತನಕ ಹಬ್ಬಿತು. ಕಾರ್ಖಾನೆಗಳಲ್ಲಿ ಮೀನು ಕೊಯ್ಯುವವರು ಹೆಚ್ಚಾಗಿ ಚೀನಾದಿಂದ ವಲಸೆ ಬಂದವರು. ಕತ್ತಿ ಹಿಡಿದು ಅವರು ಮಾಡ್ತಿದ್ದ ಕೆಲಸಕ್ಕೆ 1903ರ ಸುಮಾರಿಗೆ ಸಿಯಾಟಲ್‌ನಲ್ಲಿ ಎಡ್ಮಂಡ್ ಸ್ಮಿತ್ ಒಂದು ಯಂತ್ರ ಕಂಡುಹಿಡಿದ. ಯಂತ್ರಕ್ಕೆ ಚೀನೀಯರನ್ನು ಹೀಯಾಳಿಸುವ ಬೈಗುಳವನ್ನೇ ಹೆಸರಾಗಿಟ್ಟು ಮಾರಿದರು. ವಲಸೆ ಬಂದವನ ಕೆಲಸ ತೆಗೆಯೋದು ಒಂದು, ತೆಗೆದ ಯಂತ್ರಕ್ಕೆ ಅವನ ಹೆಸರನ್ನೇ ಬೈಗುಳ ಮಾಡಿ ಅಂಟಿಸೋದು ಇನ್ನೊಂದು. ವೀಸಾ ಸ್ಟಾಂಪಿಂಗಿಗೆ ಕಾಯ್ತಾ ಇರೋ ನಮ್ಮಲ್ಲಿ ಕೆಲವರಿಗೆ ಇದು ಯಾಕೋ ತುಂಬ ಹಳೇ ಕಥೆ ಅಂತ ಅನಿಸಲಿಕ್ಕಿಲ್ಲ.

ಇಂಡಿಯಾಕ್ಕೆ ಈ ಡಬ್ಬಿ ಬಂದಿದ್ದು ಸಾಹೇಬರ ಜೊತೆ. ಮದ್ರಾಸಿನಲ್ಲಿದ್ದ ಕರ್ನಲ್ ಕೆನ್ನಿ-ಹರ್ಬರ್ಟ್ 'ವೈವರ್ನ್' ಅನ್ನೋ ಹೆಸರಲ್ಲಿ 1878ರಲ್ಲಿ ಒಂದು ಅಡುಗೆ ಪುಸ್ತಕ ತಂದ. ತಾಜಾ ಪದಾರ್ಥ ಸಿಗುವ ಊರಲ್ಲಿ ಕೂತು ಡಬ್ಬಿ ತಿನಿಸಿಗೆ ಮರುಳಾಗುವ ತನ್ನವರನ್ನು ಅದರಲ್ಲಿ ಚೆನ್ನಾಗಿಯೇ ಬೈದ. ಆ ಕಾಲಕ್ಕೆ ಡಬ್ಬಿ ಅಂದರೆ ದುಬಾರಿ, ವಿಲಾಯತಿ, ಅಂತಸ್ತು.

ಅದೇ ಹೊತ್ತಿಗೆ ನಮ್ಮ ಕರಾವಳಿಯಲ್ಲಿ ಏನಾಗ್ತಿತ್ತು? ನನಗೆ ನಿಜವಾಗಿ ಆಸಕ್ತಿ ಇರೋದು ಇಲ್ಲಿ. ಮೀನು ಉಳಿಸೋಕೆ ನಮಗೆ ಬೇಕಿದ್ದು ಎರಡೇ, ಬಿಸಿಲು ಮತ್ತು ಉಪ್ಪು. ಬಿಸಿಲು ಪುಕ್ಕಟೆ. ಉಪ್ಪಿಗೆ ಬ್ರಿಟಿಷರ ತೆರಿಗೆ. ಮೀನಿಗಿಂತ ಉಪ್ಪೇ ಭಾರವಾಗಿ, ಬಡ ಮೀನುಗಾರರು ಉಪ್ಪು ಮಣ್ಣು ಬಳಸಿಯೋ ಉಪ್ಪೇ ಇಲ್ಲದೆಯೋ ಮೀನು ಒಣಗಿಸ್ತಿದ್ದರು. ಅರ್ಧಂಬರ್ಧ ಒಣಗಿದ ಮೀನು ಬೇಗ ಕೊಳೆಯುತ್ತೆ, ನಾರುತ್ತೆ. ಫ್ರಾನ್ಸಿಸ್ ಡೇ ಅನ್ನೋ ಅಧಿಕಾರಿ ದೇಶದ ಕರಾವಳಿಯನ್ನೆಲ್ಲ ಸುತ್ತಿ 1873ರ ವರದಿಯಲ್ಲಿ ಈ ಉಪ್ಪಿನ ಸಮಸ್ಯೆ ಎತ್ತಿದ. ಆಮೇಲೆ ಮದ್ರಾಸ್ ಸರ್ಕಾರ ಮಲಬಾರ್ ಮತ್ತು ದಕ್ಷಿಣ ಕೆನರಾ ಕರಾವಳಿಯಲ್ಲಿ ಮೀನಿಗೆ ಉಪ್ಪು ಹಾಕುವ ಅಂಗಳಗಳನ್ನು ತೆರೆಯಿತು. ಬೇಲಿಯೊಳಗೆ, ಸರ್ಕಾರಿ ಗುಮಾಸ್ತನ ಕಣ್ಣೆದುರು, ತೆರಿಗೆ ಇಲ್ಲದ ಉಪ್ಪು. ಆ ಉಪ್ಪು ಒಂದು ಚಿಟಿಕೆಯೂ ಮನೆ ಅಡುಗೆಗೆ ಹೋಗಬಾರದು. ನೋಡಿ, ಒಣ ಮೀನಿನ ವಾಸನೆ ಅಂತ ನಾವು ಮೂಗು ಮುಚ್ಚಿಕೊಳ್ಳೋದರಲ್ಲಿ ಸ್ವಲ್ಪ ಪಾಲು ಮೀನಿನದ್ದು, ಸ್ವಲ್ಪ ಪಾಲು ಉಪ್ಪಿನ ತೆರಿಗೆಯದ್ದು.

ಡಬ್ಬಿಯ ಪ್ರಯತ್ನವೂ ಆಯಿತು. 1905ರಿಂದ ಮದ್ರಾಸಿನ ಮೀನುಗಾರಿಕೆ ಕೆಲಸ ನೋಡಿಕೊಂಡ ಫ್ರೆಡರಿಕ್ ನಿಕೋಲ್ಸನ್‌ಗೆ ಬೂತಾಯಿ ರಾಶಿಗಟ್ಟಲೆ ಬಂದು ತೆಂಗಿನ ಬುಡಕ್ಕೆ ಗೊಬ್ಬರವಾಗಿ ಹೋಗೋದು ಕಂಡಿತ್ತು. ಕಲ್ಲಿಕೋಟೆಯ ಹತ್ತಿರ ಸರ್ಕಾರದ ಕಡೆಯಿಂದಲೇ ಬೂತಾಯಿಯನ್ನು ಡಬ್ಬಿಗೆ ಹಾಕುವ ಪ್ರಯೋಗ ನಡೆಯಿತು. ದೊಡ್ಡದಾಗಿ ಬೆಳೆಯಲಿಲ್ಲ. ಲೆಕ್ಕ ಸುಲಭ. ಒಳಗಿರೋ ಮೀನು ಅಗ್ಗ, ಹೊರಗಿನ ತಗಡು ದುಬಾರಿ. ಒಣ ಮೀನಿಗೆ ಹಳೇ ಪೇಪರು ಸಾಕು.

ಇತ್ತ ಥಾಣೆ ಕಡೆ ಕೋಳಿ ಜನ ಬೊಂಬಿಲ್ ಅನ್ನು ಬಿದಿರಿನ ಸಾಲಿಗೆ ನೇತುಹಾಕಿ ಒಣಗಿಸ್ತಾ ಬಂದಿದ್ದಾರೆ. ಉತ್ತನ್ ಕಡೆ ಹೋದರೆ ಈಗಲೂ ನೋಡಬಹುದು. 'ಬಾಂಬೆ ಡಕ್' ಅನ್ನೋ ಹೆಸರು 'ಬಾಂಬೆ ಡಾಕ್', ಅಂದರೆ ಟಪಾಲು ರೈಲಿನಿಂದ ಬಂತು, ರೈಲಿನ ಡಬ್ಬಿಗೆ ಒಣ ಬೊಂಬಿಲ್ ವಾಸನೆ ಹಿಡೀತಿತ್ತು ಅಂತ ವಾಟ್ಸಾಪಿನಲ್ಲಿ ವರ್ಷಕ್ಕೊಮ್ಮೆ ಬರುತ್ತೆ. ನಂಬಬೇಡಿ. ಬೋರಿ ಬಂದರಿನಿಂದ ಥಾಣೆಗೆ ಮೊದಲ ರೈಲು ಓಡಿದ್ದು 1853ರ ಏಪ್ರಿಲ್ 16ಕ್ಕೆ. ಮಾರನೇ ವರ್ಷ ಮೇ 1ಕ್ಕೆ ಕಲ್ಯಾಣ ಮುಟ್ಟಿತು (ಬಸವಣ್ಣನ ಕಲ್ಯಾಣ ಅಲ್ಲ, ನಮ್ಮ ಜಂಕ್ಷನ್ ಕಲ್ಯಾಣ). 'ಬಾಂಬೆ ಡಕ್' ಅನ್ನೋ ಮಾತು ಇಂಗ್ಲಿಷ್ ಮುದ್ರಣದಲ್ಲಿ 1815ರ ಸುಮಾರಿಗೇ ಇದೆ. ರೈಲು ಬರೋಕೆ ಮುಂಚೆ ರೈಲಿನ ವಾಸನೆ ಹೇಗೆ ಬರುತ್ತೆ? ಇನ್ನೊಂದು ತಮಾಷೆ ಕೇಳಿ. 1997ರಲ್ಲಿ ಯುರೋಪಿಯನ್ ಒಕ್ಕೂಟ ಇಂಡಿಯಾದ ಮೀನು ಅನುಮೋದನೆ ಪಡೆದ ಫ್ರೀಜಿಂಗ್ ಅಥವಾ ಡಬ್ಬಿ ಕಾರ್ಖಾನೆಯಿಂದಲೇ ಬರಬೇಕು ಅಂತ ನಿಯಮ ಮಾಡಿ, ಬಿಸಿಲಲ್ಲಿ ಒಣಗಿದ ಬೊಂಬಿಲ್ ಅನ್ನು ಬಾಗಿಲಲ್ಲೇ ತಡೆಯಿತು. ಬೊಂಬಿಲ್ ಪ್ರಿಯ ಇಂಗ್ಲಿಷರೇ ಗಲಾಟೆ ಮಾಡಿದ ಮೇಲೆ, ಅನುಮೋದಿತ ಜಾಗದಲ್ಲಿ ಪ್ಯಾಕ್ ಆದರೆ ಸಾಕು ಅಂತ ಸಡಿಲವಾಯಿತು.

ನಮ್ಮ ಬಾಗಿಲಲ್ಲೂ ಇಂಥದ್ದೇ ಒಂದು ನಿಯಮ ಇತ್ತು. ಅದನ್ನು ವಿಡಿಯೋದಲ್ಲಿ ಪೂರ್ತಿ ಹೇಳಲಿಲ್ಲ.

ಕರಾವಳಿಯಿಂದ ಬಂದವರಿಗೆ ಗೊತ್ತು, ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯಲ್ಲ. ಅಲ್ಲೂ ಅಷ್ಟೇ, ಇಲ್ಲೂ ಅಷ್ಟೇ. ಈ ಎರಡು ತಿಂಗಳಿಗೇ ಮನೆಯಲ್ಲಿ ಒಣ ಮೀನು ಕೂಡಿಡೋದು. 1998ರಲ್ಲಿ ಕೊಂಕಣ ರೈಲ್ವೆ ಪೂರ್ತಿಯಾಗಿ ತೆರೆದ ಮೇಲೆ ಊರಿಂದ ಮುಂಬಯಿಗೆ ಬಂದ ಗಾಡಿಗೆ ಮತ್ಸ್ಯಗಂಧ ಅಂತಲೇ ಹೆಸರಿಟ್ಟರು. ಮಹಾಭಾರತದ ಸತ್ಯವತಿ, ಮೈಯಲ್ಲಿ ಮೀನಿನ ವಾಸನೆ ಇದ್ದವಳು. ಹೆಸರಿಟ್ಟವರು ಯಾರೋ, ನಮ್ಮ ಅಮ್ಮನ ಬ್ಯಾಗು ನೋಡಿಯೇ ಇಟ್ಟಂಗಿದೆ. ಪ್ರತಿ ಮೇ ಕೊನೆಗೆ ಅಮ್ಮ ಅದೇ ಗಾಡಿಯಲ್ಲಿ ಬರುವಾಗ ಒಣ ಸಿಗಡಿ, ಒಣ ಬಂಗುಡೆ ಮೂರು ಸುತ್ತು ಪೇಪರು, ಎರಡು ಸುತ್ತು ಪ್ಲಾಸ್ಟಿಕ್ಕಿನಲ್ಲಿ ಕಟ್ಟಿ ತರ್ತಿದ್ದಳು.

ಮೂರು ವರ್ಷದ ಹಿಂದೆ ಒಂದು ಮಳೆಯ ಮಧ್ಯಾಹ್ನ ಅಮ್ಮ ಬಾಣಲೆಯಲ್ಲಿ ಒಣ ಸಿಗಡಿ ಹುರಿದಳು. ಅರ್ಧ ಗಂಟೆಯಲ್ಲಿ ಸೊಸೈಟಿಯವರು ಬೆಲ್ ಒತ್ತಿದರು. ಮಾತು ಮರ್ಯಾದೆಯಾಗಿಯೇ ಇತ್ತು. ಸಂಜೆ ಲಿಫ್ಟಿನಲ್ಲಿ ಒಂದು ಚೀಟಿ ಬಂತು, ಗ್ರೂಪಿನಲ್ಲಿ ಮೂಗು ಮುಚ್ಚಿದ ಇಮೋಜಿಗಳು ಬಂದವು. ನಾನು ಕ್ಷಮೆ ಕೇಳಿ ಟೈಪ್ ಮಾಡಿದೆ. ಅಮ್ಮನಿಗೆ ಮರಾಠಿ ಬರಲ್ಲ. ಆದರೆ ಬಾಗಿಲಲ್ಲಿ ನಿಂತವರ ಮುಖವನ್ನೂ, ಅವರೆದುರು ನಿಂತ ಮಗನ ಮುಖವನ್ನೂ ಓದೋಕೆ ಮರಾಠಿ ಯಾಕೆ ಬೇಕು? ಮುಂದಿನ ವರ್ಷ ಬ್ಯಾಗಿನಲ್ಲಿ ಹಪ್ಪಳ, ಉಪ್ಪಿನಕಾಯಿ ಮಾತ್ರ ಇತ್ತು. ಅವಳೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ನಿಜ ಹೇಳಬೇಕಂದ್ರೆ ನನಗೆ ಸ್ವಲ್ಪ ನಿರಾಳವೇ ಆಗಿತ್ತು.

ಈ ಜೂನಿನಲ್ಲಿ ಅಮ್ಮ ಏನೋ ಹುಡುಕ್ತಾ ಅಟ್ಟದಿಂದ ಸಾಲ್ಮನ್ ಡಬ್ಬಿ ಇಳಿಸಿದಳು. ಒಂದನ್ನು ಬಿಚ್ಚಿದೆ. ಅಮ್ಮ ಮೂಸಿ ನೋಡಿ, "ಇದ್ ಮೀನಾ? ಬೆಕ್ಕಿಗ್ ಹಾಕುದಾ?" ಅಂದಳು. ಮುಳ್ಳು, ಚರ್ಮ ಎಲ್ಲಾ ಹಾಗೇ ಇತ್ತು. ಮುಳ್ಳನ್ನು ಬೆರಳಲ್ಲಿ ಒತ್ತಿದರೆ ಪುಡಿ ಆಗುತ್ತೆ, ತಿನ್ನಬಹುದು, ಬಿಸಾಡಬೇಡಿ. ಕಾರ್ಖಾನೆಯಲ್ಲಿ ಡಬ್ಬಿ ಮುಚ್ಚಿದ ಮೇಲೆ 115 ಡಿಗ್ರಿಗಿಂತ ಜಾಸ್ತಿ ಶಾಖದಲ್ಲಿ ಒಂದು ಗಂಟೆಗೂ ಮೀರಿ ಬೇಯಿಸಿರ್ತಾರೆ. ನಮ್ಮ ಕುಕ್ಕರಿನದ್ದೇ ತತ್ವ, ಸೀಟಿಗಳ ಲೆಕ್ಕ ಮಾತ್ರ ಬಹಳ.

ನಾನು ಅದಕ್ಕೆ ಮುಂಚೆ ಇನ್ನೊಂದು ಡಬ್ಬಿಯಲ್ಲಿ ಪುಳಿಮುಂಚಿ ಮಾಡೋಕೆ ಹೋಗಿ ಕೆಡಿಸಿದ್ದೆ. ತಾಜಾ ಮೀನಿನ ಹಾಗೆ ಮಸಾಲೆಯಲ್ಲಿ ಕುದಿಸಿದೆ, ಎಲ್ಲಾ ಕರಗಿ ಗಂಜಿಯಾಯಿತು. ಅಮ್ಮ ಹಾಗೆ ಮಾಡಲಿಲ್ಲ. ಆಗಲೇ ಬೆಂದ ಮೀನು, ಆಗಲೇ ಉಪ್ಪು ತಿಂದ ಮೀನು. ಹಾಗಾಗಿ ಅವಳು ಇದನ್ನು ತಾಜಾ ಮೀನು ಅಂತ ಲೆಕ್ಕಕ್ಕೇ ತಗೊಳ್ಳಲಿಲ್ಲ, ಒಣ ಸಿಗಡಿಯ ಜಾಗದಲ್ಲಿಟ್ಟಳು. ನೀರು ಹಿಂಡಿ ತೆಗೆದಳು. ಕಬ್ಬಿಣದ ಕಾವಲಿಗೆ ಎರಡು ಚಮಚ ತೆಂಗಿನೆಣ್ಣೆ ಬಿಟ್ಟು, ಸಣ್ಣ ಉರಿಯಲ್ಲಿ ಮೀನನ್ನು ಉದುರು ಉದುರಾಗಿ, ಅಂಚು ಕೆಂಪಾಗುವ ತನಕ ಹುರಿದಳು. ಆಚೆ ತೆಂಗಿನ ತುರಿ, ಹುರಿದ ಬ್ಯಾಡಗಿ ಮೆಣಸು, ಹುಣಸೆಹಣ್ಣು, ನಾಲ್ಕೆಸಳು ಬೆಳ್ಳುಳ್ಳಿ ನೀರಿಲ್ಲದೆ ತರಿತರಿಯಾಗಿ ರುಬ್ಬಿ, ಮೀನಿನ ಜೊತೆ ಕೈಯಲ್ಲೇ ಕಲಸಿ, ಹಸಿ ಈರುಳ್ಳಿ ಹೆಚ್ಚಿ ಹಾಕಿದಳು. ಉಪ್ಪು ಹಾಕಿದ್ದು ಕೊನೆಗೆ, ರುಚಿ ನೋಡಿದ ಮೇಲೆ, ಚೂರೇ ಚೂರು. ಕುಚ್ಚಲಕ್ಕಿ ಗಂಜಿ ಜೊತೆ ತಿಂದೆವು. ಸಿಗಡಿ ಚಟ್ನಿಯ ಘಾಟು ಇರಲಿಲ್ಲ, ಆದರೆ ಬಾಯಿಗೆ ಗುರುತು ಸಿಕ್ಕಿತು.

ಮೂರನೇ ಡಬ್ಬಿಯಲ್ಲಿ ಪುಳಿಮುಂಚಿಯನ್ನೇ ಮತ್ತೆ ಮಾಡಿದೆವು. ಮೆಣಸು, ಕೊತ್ತಂಬರಿ, ಹುಣಸೆ ರುಬ್ಬಿ ಮೊದಲು ಚೆನ್ನಾಗಿ ಕುದಿಸಿ, ಗಟ್ಟಿ ಮಾಡಿ, ಒಲೆ ಆರಿಸಿದ ಮೇಲೆ ಮೀನನ್ನು ದೊಡ್ಡ ತುಂಡಾಗಿ ಇಳಿಸಿ ಮುಚ್ಚಳ ಮುಚ್ಚಿದ್ದು. ಸೌಟು ಆಡಿಸಬಾರದು, ಪಾತ್ರೆಯನ್ನೇ ಅಲುಗಿಸಬೇಕು. ಉಳಿದದ್ದಕ್ಕೆ ಬೇಯಿಸಿದ ಆಲೂಗಡ್ಡೆ, ಹಸಿಮೆಣಸು ಸೇರಿಸಿ ತಟ್ಟಿ, ರವೆಯಲ್ಲಿ ಹೊರಳಿಸಿ ಕಾಯಿಸಿದರೆ ಮಕ್ಕಳ ಟಿಫನ್ನಿಗೆ ಆಗುತ್ತೆ. ಬಿಚ್ಚಿದ ಮೇಲೆ ಡಬ್ಬಿಯಲ್ಲೇ ಇಡಬೇಡಿ, ಗಾಜಿನ ಡಬ್ಬದಲ್ಲಿ ಫ್ರಿಜ್ಜಿನಲ್ಲಿಟ್ಟು ಎರಡು ದಿನದೊಳಗೆ ಮುಗಿಸಿ. ಉಬ್ಬಿದ ಡಬ್ಬಿಯನ್ನು ಬಿಚ್ಚಲೇಬೇಡಿ.

ಚಟ್ನಿ ಮಾಡಿದ ದಿನ ಅಮ್ಮ ಒಂದು ಕೆಲಸ ಮಾಡಿದ್ದಳು. ಹುರಿಯೋಕೆ ಮುಂಚೆ ಕಿಟಕಿ ಮುಚ್ಚಿ, ಬಾಗಿಲ ಸಂದಿಗೆ ಒದ್ದೆ ಟವೆಲ್ ಒತ್ತಿದ್ದಳು. ನಾನು ಅದನ್ನು ನೋಡಿದ್ದು ಊಟ ಆದ ಮೇಲೆ. ಚಪ್ಪಲಿ ಹಾಕಿಕೊಂಡು ಹೊರಗೆ ಹೋಗಿ, ಲಿಫ್ಟಿನ ತನಕ ನಡೆದು, ಮೂಸಿ ನೋಡಿ ಬಂದೆ. ಏನೂ ಇರಲಿಲ್ಲ. ಒಳಗೆ ಬಂದು ಹಾಗಂತ ಹೇಳಿದಾಗ ಅಮ್ಮ ಟವೆಲ್ ಎತ್ತಿ ಹಿಂಡ್ತಾ, "ಹಂಗಾರೆ ಇದ್ರಲ್ ಮೀನೇ ಇಲ್ಲ" ಅಂದಳು.

ನಾಲ್ಕನೇ ಡಬ್ಬಿ ಅಟ್ಟದ ಮೇಲೆ ಇನ್ನೂ ಇದೆ, ಡಿಸೆಂಬರ್‌ವರೆಗೆ ಅವಧಿ ಇದೆ. ಅಮ್ಮ ಆಗಸ್ಟಿನಲ್ಲಿ ಊರಿಗೆ ಹೋದಳು. ಥಾಣೆ ಸ್ಟೇಷನ್ನಿನಲ್ಲಿ ಮತ್ಸ್ಯಗಂಧ ಹತ್ತಿಸುವಾಗ, ಮುಂದಿನ ಮೇ ತಿಂಗಳಲ್ಲಿ ಬರುವಾಗ ಒಣ ಸಿಗಡಿ ತಾ ಅಂತ ಹೇಳಿದೆ. ಎಷ್ಟು ಅಂತ ಕೇಳಿದಳು. ಅರ್ಧ ಕಿಲೋ ಅಂದೆ.