ಕನ್ನರ, ಇನ್ನಾಸಪ್ಪ, ಚೋಮ

ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ಸಿಕ್ಕ ಒಂದು ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಕ್ರಿ.ಶ. 949-50ರ ಕಾಲದ್ದು. ಕಾಡುಹಂದಿಯೊಂದಿಗೆ ಹೋರಾಡಿ, ಅದನ್ನು ಕೊಂದು, ತಾನೂ ಸತ್ತ ನಾಯಿಯ ನೆನಪಿಗೆ ನಿಲ್ಲಿಸಿದ್ದು. ನಾಯಿಯ ಹೆಸರು ಕಾಳಿ. ತಕ್ಕೋಲದ ಯುದ್ಧದಲ್ಲಿ ಪರಾಕ್ರಮ ತೋರಿದ ಮಣಲೆರನಿಗೆ 'ಏನು ಬೇಕೋ ಕೇಳು' ಎಂದು ಗಂಗರ ಬೂತುಗ ಹೇಳಿದಾಗ ಅವನು ಕೇಳಿದ್ದು ಈ ಕಾಳಿಯನ್ನೇ. ಈ ಕಥೆಯನ್ನು ನಮ್ಮಲ್ಲಿ ಬಹಳ ಮಂದಿ ಹೇಳಿದ್ದಾರೆ. ನನ್ನ ಕಣ್ಣು ಮಾತ್ರ ಅದರಲ್ಲಿ ಬರುವ ಇನ್ನೊಂದು ಹೆಸರಿನ ಮೇಲೆ ನಿಲ್ಲುತ್ತದೆ. ಚರಿತ್ರೆಯ ಪಠ್ಯದಲ್ಲಿ ನಾವು ಮೂರನೆಯ ಕೃಷ್ಣ ಎಂದು ಓದುವ ರಾಷ್ಟ್ರಕೂಟ ಚಕ್ರವರ್ತಿ ಇಲ್ಲಿ ಕನ್ನರದೇವ.

ಕನ್ನರ ಎನ್ನುವುದು ಕೃಷ್ಣ ಎಂದು ಹೇಳಲು ಬಾರದವರ ಮಾತಲ್ಲ. ಸಂಸ್ಕೃತ ಬಲ್ಲ ಆಸ್ಥಾನಗಳ ಶಾಸನಗಳಲ್ಲಿಯೇ ಆ ಹೆಸರಿದೆ. ರತ್ನ ಎಂಬುದು ಕನ್ನಡದ ಬಾಯಲ್ಲಿ ರನ್ನವಾಯಿತು, ಕವಿಯೊಬ್ಬನ ಹೆಸರೂ ಆಯಿತು. ಆ ರನ್ನ ತನ್ನ ಮಗನಿಗೆ ರಾಯ ಎಂದೂ ಮಗಳಿಗೆ ಅತ್ತಿಮಬ್ಬೆ ಎಂದೂ ಹೆಸರಿಟ್ಟ. ಆಶ್ರಯ ಕೊಟ್ಟ ಚಾವುಂಡರಾಯನ ಮತ್ತು ಅತ್ತಿಮಬ್ಬೆಯ ಋಣವನ್ನು ಮಕ್ಕಳ ಹೆಸರಿನಲ್ಲಿ ತೀರಿಸಿದ ಕವಿ ಅವನು. ವೃಷಭ ಬಸವನಾಯಿತು. ಲಕ್ಷ್ಮಿ ಲಕ್ಕಿಯಾದಳು, ಲಕ್ಕಮ್ಮನಾದಳು. ವ್ಯಾಕರಣದಲ್ಲಿ ಇವನ್ನು ತದ್ಭವ ಎನ್ನುತ್ತೇವೆ. ಆಡುಮಾತಿನಲ್ಲಿ ಮಾತ್ರ 'ಅಪಭ್ರಂಶ' ಎಂದು ಮೂಗು ಮುರಿಯುತ್ತೇವೆ. ಈ ಮೂಗು ಮುರಿಯುವಿಕೆ ಹೊಸದು ಎಂಬುದು ನನ್ನ ಅನುಮಾನ.

ಹೊಯ್ಸಳ ಬಿಟ್ಟಿದೇವನ ಕಥೆ ಇದಕ್ಕೆ ಸೊಗಸಾದ ಉದಾಹರಣೆ. ಜೈನನಾಗಿದ್ದ ಬಿಟ್ಟಿದೇವ ರಾಮಾನುಜರಿಂದ ವೈಷ್ಣವನಾಗಿ ವಿಷ್ಣುವರ್ಧನ ಎಂಬ ಹೊಸ ಹೆಸರು ಪಡೆದ ಎಂದು ಜನಪ್ರಿಯ ಕಥೆ ಹೇಳುತ್ತದೆ. ಆದರೆ ಬಿಟ್ಟಿ ಎಂಬುದೇ ವಿಷ್ಣುವಿನ ತದ್ಭವ. ಹಾಗಾದರೆ ಬದಲಾದದ್ದು ಏನು? ದೇವರು ಅದೇ, ಉಡುಪು ಬೇರೆ. (1972ರಲ್ಲಿ 'ನಾಗರಹಾವು' ಚಿತ್ರಕ್ಕಾಗಿ ಸಂಪತ್ ಕುಮಾರ್ ಎಂಬ ಯುವಕ ವಿಷ್ಣುವರ್ಧನ್ ಆದರು. ಬಿಟ್ಟಿ ಎಂದಿಡಲು ಯಾರಿಗೂ ತೋಚಿರಲಾರದು.)

ಕನ್ನಡದ ಬಾಯಿ ಸಂಸ್ಕೃತವನ್ನಷ್ಟೇ ಅಗಿದು ಅರಗಿಸಿಕೊಳ್ಳಲಿಲ್ಲ. ಹಳೆ ಮೈಸೂರು ಸೀಮೆಯ ಕ್ಯಾಥೋಲಿಕ್ ಮನೆಗಳಲ್ಲಿ ಇನ್ನಾಸಪ್ಪ, ಚೌರಪ್ಪ ಎಂಬ ಹಿರಿಯರಿದ್ದಾರೆ. ಇನ್ನಾಸಪ್ಪ ಎಂದರೆ ಸಂತ ಇಗ್ನೇಷಿಯಸ್, ಚೌರಪ್ಪ ಎಂದರೆ ಸಂತ ಕ್ಸೇವಿಯರ್. ರಾಯಚೂರು ಕಡೆ ಹೋದರೆ ಹುಸೇನಪ್ಪ ಸಿಗುತ್ತಾನೆ, ಗದಗದ ಕಡೆ ಫಕೀರಪ್ಪ. ಇವರು ಮುಸ್ಲಿಮರೇ ಆಗಬೇಕಿಲ್ಲ. ಮೊಹರಂನ ಅಲಾಯಿ ದೇವರಿಗೆ ಹರಕೆ ಹೊತ್ತ ಹಿಂದೂ ತಾಯಿ ಮಗನಿಗೆ ಹುಸೇನಪ್ಪ ಎಂದಿಡುತ್ತಾಳೆ. ಶಿರಹಟ್ಟಿಯ ಫಕೀರೇಶ್ವರನ ಭಕ್ತರ ಮನೆಯಲ್ಲಿ ಹುಟ್ಟಿದವನು ಫಕೀರಪ್ಪ. ಮೂಲಪದ ಅರಬಿಯದಿರಲಿ, ಲ್ಯಾಟಿನ್‌ನದಿರಲಿ, ಕೊನೆಗೆ ಒಂದು 'ಅಪ್ಪ' ಸೇರಿಸಿದರೆ ಅವನು ಊರಿನವನಾದ.

ಈ 'ಅಪ್ಪ'ನ ವಿಷಯಕ್ಕೆ ಬಂದಾಗ ಮಾತ್ರ ಸೊಗಸು ಮುಗಿಯುತ್ತದೆ.

ಅಪ್ಪ, ಅಯ್ಯ, ಅಣ್ಣ, ಅಕ್ಕ, ಅವ್ವ: ಕನ್ನಡದ ಹೆಸರುಗಳ ಬಾಲದಲ್ಲಿರುವವೆಲ್ಲ ನೆಂಟಸ್ತಿಕೆಯ ಪದಗಳು. ಗೌರವವೂ ಅಲ್ಲೇ ಇದೆ. ಹನ್ನೆರಡನೆಯ ಶತಮಾನದಲ್ಲಿ ಮಾದಾರ ಚೆನ್ನಯ್ಯ, ಡೋಹರ ಕಕ್ಕಯ್ಯ, ಆಯ್ದಕ್ಕಿ ಲಕ್ಕಮ್ಮ ಎಂದು ಕರೆದಾಗ ಕಸುಬಿನ ಹೆಸರು ಮುಂದೆ ಉಳಿಯಿತು, ಹಿಂದೆ ಮಾತ್ರ ಅಯ್ಯ, ಅಮ್ಮ ಸೇರಿತು. ತೊಗಲು ಹದ ಮಾಡುವವನನ್ನು ಅಯ್ಯ ಎನ್ನುವುದು ಸಣ್ಣ ಮಾತಾಗಿರಲಿಲ್ಲ. ಆಮೇಲೆ ಊರು ಅದನ್ನು ಹಿಂದಕ್ಕೆ ಪಡೆಯಿತು. ಮಾರಪ್ಪ ಗೌಡನ ಹೊಲದಲ್ಲಿ ದುಡಿಯುವವನು ಮಾರ. ಕೆಂಪಯ್ಯನ ಹಟ್ಟಿಯ ದನ ಕಾಯುವವನು ಕೆಂಪ. ಪದ ಒಂದೇ, ದೇವರೂ ಒಂದೇ. ಇವನು ಅಜ್ಜನಾದರೂ ಒಡೆಯನ ಮನೆಯ ಐದು ವರ್ಷದ ಹುಡುಗ 'ಏ ಮಾರ' ಎಂದೇ ಕೂಗುತ್ತಿದ್ದ.

ತುಳುನಾಡಿನಲ್ಲಿ ಹೆಸರನ್ನು ಆರಿಸುವ ಸ್ವಾತಂತ್ರ್ಯವೂ ಇರಲಿಲ್ಲ ಎನ್ನಬೇಕು. ದಲಿತರ ಮನೆಯ ಮಗುವಿಗೆ ಹುಟ್ಟಿದ ವಾರವೇ ಹೆಸರು. ಆದಿತ್ಯವಾರ ಹುಟ್ಟಿದವನು ಐತ, ಸೋಮವಾರದವನು ಚೋಮ, ಮಂಗಳವಾರದವನು ಅಂಗಾರ, ಬುಧವಾರ ಬೂದ, ಗುರುವಾರ ಗುರುವ, ಶುಕ್ರವಾರ ತುಕ್ರ, ಶನಿವಾರ ಚನಿಯ. ಶಿವರಾಮ ಕಾರಂತರ 'ಚೋಮನ ದುಡಿ' 1933ರಲ್ಲಿ ಬಂತು. ಚೋಮನ ಮಕ್ಕಳಲ್ಲಿ ಒಬ್ಬ ಚನಿಯ, ಒಬ್ಬ ಗುರುವ. ನಾವು ತರಗತಿಯಲ್ಲಿ ಆ ಕಾದಂಬರಿಯ ಭೂಮಿಯ ಪ್ರಶ್ನೆಯನ್ನು ಚರ್ಚಿಸುತ್ತೇವೆ, ಮತಾಂತರದ ಪ್ರಶ್ನೆಯನ್ನೂ ಚರ್ಚಿಸುತ್ತೇವೆ. ಸ್ವಂತ ತುಂಡು ಭೂಮಿಗಾಗಿ ಹಂಬಲಿಸಿದ ಆ ಮನುಷ್ಯನಿಗೆ ಸ್ವಂತದ್ದೆನ್ನಲು ಹೆಸರೂ ಇರಲಿಲ್ಲ, ಇದ್ದದ್ದು ಒಂದು ಸೋಮವಾರ ಎಂಬುದನ್ನು ಯಾರೂ ಹೇಳಿಕೊಟ್ಟಂತಿಲ್ಲ. ಹಾಗಿದ್ದೂ ಆ ಹೆಸರುಗಳು ಹಟ್ಟಿಯಲ್ಲೇ ಉಳಿಯಲಿಲ್ಲ. ಸುಳ್ಯ ಮೀಸಲು ಕ್ಷೇತ್ರದಿಂದ 1994ರಿಂದ ಸತತ ಆರು ಬಾರಿ ಗೆದ್ದ ಎಸ್. ಅಂಗಾರ 2021ರಲ್ಲಿ ಮಂತ್ರಿಯಾದರು.

ಆದ್ದರಿಂದ ಹಳೆಯ ಹೆಸರುಗಳು ಮಾಯವಾಗುತ್ತಿವೆ ಎಂದು ಹಲುಬುವವರ ಜೊತೆ ನಾನು ಪೂರ್ತಿ ಸೇರಲಾರೆ. 1904ರಲ್ಲಿ ಹುಟ್ಟಿದ ಪುಟ್ಟಪ್ಪ 1938ರಲ್ಲಿ ಹುಟ್ಟಿದ ಮಗನಿಗೆ ಪೂರ್ಣಚಂದ್ರ ತೇಜಸ್ವಿ ಎಂದಿಟ್ಟರು. ಇನ್ನೊಬ್ಬ ಮಗ ಕೋಕಿಲೋದಯ ಚೈತ್ರ. ಹೆಸರಿಡುವ ಹಕ್ಕು ಯಾರದು ಎಂಬ ಪ್ರಶ್ನೆಗೆ ಕುವೆಂಪು ಕೊಟ್ಟ ಉತ್ತರ ಎಂದೇ ನಾನು ಇದನ್ನು ಓದುತ್ತೇನೆ. ಆದರೆ ಕನ್ನರ, ಬಿಟ್ಟಿ, ಲಕ್ಕಿಗಳನ್ನು ರೂಪಿಸಿದ ಬಾಯಿ ಈಗ ಸುಮ್ಮನಾಗಿದೆ ಎಂಬುದೂ ನಿಜ. ಇಗ್ನೇಷಿಯಸ್ ಈಗ ಇಗ್ನೇಷಿಯಸ್ಸೇ, ಕೃಷ್ಣ ಕೃಷ್ಣನೇ.

ನಾನು ಪಾಠ ಹೇಳುವ ತರಗತಿಯ ಹಾಜರಿ ಪುಸ್ತಕದಲ್ಲಿ ಯಶಸ್, ಚಿನ್ಮಯ್, ಧನುಷ್ ಇದ್ದಾರೆ. ಯಾವ ಸೀಮೆಯವರು, ಯಾವ ಕೇರಿಯವರು ಎಂದು ಹೇಳುವಂತಿಲ್ಲ. ಆ ಹೆಸರಿಟ್ಟ ತಂದೆತಾಯಿಗೆ ಬೇಕಾಗಿದ್ದದ್ದೂ ಅದೇ ಇರಬೇಕು. ಹೆಸರಿನ ಪಕ್ಕದಲ್ಲಿ ಮಾತ್ರ ಒಂದು ಇನಿಷಿಯಲ್: ಎಂ., ಕೆ., ಎನ್. ಬಿಡಿಸಿ ಹೇಳಿ ಎಂದರೆ ಕೆಲವರು ಮಾರಯ್ಯ, ಕೆಂಪಮ್ಮ, ನಿಂಗಪ್ಪ ಎಂದು ಜೋರಾಗಿಯೇ ಹೇಳುತ್ತಾರೆ. ಕೆಲವರು ನಕ್ಕು ಸುಮ್ಮನಾಗುತ್ತಾರೆ.