ಹೆರಾಲ್ಡ್ ಕಾರಿನ ಹಿಂಗಾಲು

ಚೆನ್ನೈಯಲ್ಲಿ ನಮ್ಮ ಮೇಲಿನ ಮಹಡಿಯ ರಾಯರ ಹತ್ತಿರ ಒಂದು ಸ್ಟ್ಯಾಂಡರ್ಡ್ ಹೆರಾಲ್ಡ್ ಕಾರಿದೆ. ಮೈಸೂರು ಬಿಟ್ಟು ಬಂದು ಐವತ್ತು ವರ್ಷವಾಯಿತು ಅವರಿಗೆ. ಕಾರಿಗೂ ಹೆಚ್ಚುಕಡಿಮೆ ಅಷ್ಟೇ ವಯಸ್ಸು. ಕಳೆದ ಬೇಸಗೆಯಲ್ಲಿ ಗೇರ್ ಹಾಕಿ ಕ್ಲಚ್ ಬಿಟ್ಟಾಗಲೆಲ್ಲ ಹಿಂದಿನಿಂದ 'ಟಕ್' ಎಂಬ ಸದ್ದು ಶುರುವಾಯಿತು. ರಿಪೇರಿಯ ಕೈಪಿಡಿ ಇಂಗ್ಲಿಷಿನದು, ಮೆಕ್ಯಾನಿಕ್ ತಮಿಳರು, ರಾಯರ ಕಣ್ಣು ಮಂಜು. ಅನುವಾದಕರಿಗೆ ಇಂಥ ಕೆಲಸವೂ ಸಿಗುತ್ತದೆ. ನಾನು ಸ್ಟೂಲಿನ ಮೇಲೆ ಕೂತು ಓದಿ ಹೇಳುವುದು, ಅವರು ಬಿಚ್ಚುವುದು. ಸಂಭಾವನೆ ಎರಡು ಲೋಟ ಕಾಫಿ.

ಮೆಕ್ಯಾನಿಕ್‌ಗೆ ನನ್ನ ಅಗತ್ಯವೇನೂ ಇರಲಿಲ್ಲ. ಕಾರಿನ ಅಡಿಗೆ ತಲೆ ತೂರಿಸಿ, ಶಾಫ್ಟನ್ನು ಕೈಯಲ್ಲಿ ಒಮ್ಮೆ ಅಲ್ಲಾಡಿಸಿ, "ಕ್ರಾಸ್ ಪೋಚ್ಚು" ಎಂದರು. ಕೈಪಿಡಿಯಲ್ಲಿ ಅದೇ ಭಾಗಕ್ಕೆ ಜೇಡ ಎಂದು ಹೆಸರು. ನಾಲ್ಕು ತೋಳಿನ ಉಕ್ಕಿನ ಚೂರು. ಒಬ್ಬರಿಗೆ ಕಾಲು ಚಾಚಿದ ಹುಳುವಾಗಿ ಕಂಡರೆ ಇನ್ನೊಬ್ಬರಿಗೆ ನಾಲ್ಕು ದಾರಿ ಕೂಡುವ ಜಾಗವಾಗಿ ಕಂಡಿದೆ. ನಮ್ಮ ಗ್ಯಾರೇಜುಗಳಲ್ಲೆಲ್ಲ ಅದು ಕ್ರಾಸ್.

ಜಾಕ್ ಏರಿಸಿ ಹಿಂಭಾಗ ಎತ್ತಿದಾಗ ನೋಡಿದ ದೃಶ್ಯ ವಿಚಿತ್ರವಾಗಿತ್ತು. ಎರಡೂ ಹಿಂದಿನ ಚಕ್ರಗಳು ಓರೆಯಾಗಿ ಜೋತುಬಿದ್ದವು: ಮೇಲೆ ಅಗಲ, ಕೆಳಗೆ ಕಿರಿದು. ಅಂಬಾಸಿಡರ್ ಆಗಲಿ ಫಿಯೆಟ್ ಆಗಲಿ ಹೀಗೆ ಕಾಲು ಬಿಡುವುದಿಲ್ಲ. ಅವುಗಳ ಹಿಂದಿನ ಎರಡು ಚಕ್ರಗಳನ್ನು ಒಂದೇ ಗಟ್ಟಿ ಕೊಳವೆ ಹಿಡಿದಿರುತ್ತದೆ, ಡಿಫರೆನ್ಷಿಯಲ್ ಅದರೊಳಗೇ ಕೂತಿರುತ್ತದೆ. 1959ರಲ್ಲಿ ಇಂಗ್ಲೆಂಡಿನಲ್ಲಿ ಬಂದ ಟ್ರಯಂಫ್ ಹೆರಾಲ್ಡ್ ಬೇರೆ ದಾರಿ ಹಿಡಿಯಿತು. ಡಿಫರೆನ್ಷಿಯಲ್ ಚಾಸಿಗೇ ಬಿಗಿದದ್ದು. ಎಡಕ್ಕೊಂದು, ಬಲಕ್ಕೊಂದು ಶಾಫ್ಟು. ಪ್ರತಿ ಶಾಫ್ಟಿಗೆ ಡಿಫರೆನ್ಷಿಯಲ್ ಕಡೆ ಒಂದೇ ಒಂದು ಕ್ರಾಸು. ಇಟಲಿಯ ಜೊವಾನ್ನಿ ಮಿಕೆಲೊಟ್ಟಿ ರೂಪಿಸಿದ ಈ ಕಾರು 1961ರಿಂದ ಮದರಾಸಿನಲ್ಲೇ ಸ್ಟ್ಯಾಂಡರ್ಡ್ ಹೆರಾಲ್ಡ್ ಆಗಿ ತಯಾರಾಯಿತು.

ಓರೆಯಾಗಿ ಕೂಡಿದ ಎರಡು ಶಾಫ್ಟುಗಳ ನಡುವೆ ತಿರುಗುವಿಕೆಯನ್ನು ದಾಟಿಸುವ ಈ ಕೀಲಿನ ವಂಶಾವಳಿ ಹುಡುಕಹೊರಟರೆ ಭಾಷಾವಿಜ್ಞಾನ ಓದಿದವರಿಗೆ ಹಬ್ಬ. ಫ್ರೆಂಚರೂ ಜರ್ಮನರೂ ರಷ್ಯನ್ನರೂ ಇದಕ್ಕೆ ಹದಿನಾರನೆಯ ಶತಮಾನದ ಇಟಲಿಯ ಗಣಿತಜ್ಞ ಕಾರ್ಡಾನೋನ ಹೆಸರಿಟ್ಟಿದ್ದಾರೆ. ಸ್ವೀಡನ್ನರು ತಮ್ಮ ಪೊಲ್ಹೆಮ್‌ನ ಗಂಟು ಎನ್ನುತ್ತಾರೆ. ಇಂಗ್ಲಿಷರಿಗೆ ಇದು ಹುಕ್‌ನ ಕೀಲು. ಹೆಸರಿನ ಜಗಳದಲ್ಲಿ ನಾನು ಹುಕ್‌ನ ಕಡೆ. ಉಳಿದವರು ಏನೇ ಮಾಡಿರಲಿ, ಇದು ಸಮನಾಗಿ ತಿರುಗುವುದಿಲ್ಲ ಎಂದು ಕಂಡುಹಿಡಿದವನು ಅವನು. 1664ರಲ್ಲಿ ಗಾಸ್ಪರ್ ಶಾಟ್ ತನ್ನ ಪುಸ್ತಕದಲ್ಲಿ ಇದೇ ಕೀಲನ್ನು ವರ್ಣಿಸುತ್ತ, ಎರಡೂ ಶಾಫ್ಟು ಸದಾ ಒಂದೇ ವೇಗದಲ್ಲಿ ತಿರುಗುತ್ತವೆ ಎಂದು ಬರೆದುಬಿಟ್ಟಿದ್ದ.

ಹಾಗೆ ತಿರುಗುವುದಿಲ್ಲ. ಒಂದು ಶಾಫ್ಟು ನಿಮಿಷಕ್ಕೆ 1000 ಸುತ್ತು ಸಮನಾಗಿ ತಿರುಗುತ್ತಿದ್ದು, ಇನ್ನೊಂದು ಅದಕ್ಕೆ 30 ಡಿಗ್ರಿ ಓರೆಯಿದ್ದರೆ, ಎರಡನೆಯದರ ವೇಗ 866ಕ್ಕೆ ಇಳಿದು 1155ಕ್ಕೆ ಏರುತ್ತದೆ, ಅದೂ ಪ್ರತಿ ಸುತ್ತಿನಲ್ಲಿ ಎರಡೆರಡು ಸಲ. ಒಟ್ಟು ಲೆಕ್ಕ ಸರಿಹೋಗುತ್ತದೆ, ನಡಿಗೆ ಮಾತ್ರ ಕುಂಟು. ಹುಕ್ ಈ ಕುಂಟನ್ನೇ ಕೆಲಸಕ್ಕೆ ಹಚ್ಚಿದ. ನೆಲಕ್ಕೆ ಸಮತಟ್ಟಾಗಿಟ್ಟ ಸೂರ್ಯಗಡಿಯಾರದ ನೆರಳೂ ಹೀಗೇ ಒಮ್ಮೆ ನಿಧಾನ, ಒಮ್ಮೆ ಬೇಗ ಸರಿಯುತ್ತದೆ. ಲಂಡನ್ನಿನಲ್ಲಿ ಮಧ್ಯಾಹ್ನ ಹನ್ನೆರಡರಿಂದ ಒಂದರವರೆಗೆ ಸುಮಾರು 12 ಡಿಗ್ರಿ. ಸಂಜೆ ಐದರಿಂದ ಆರರವರೆಗೆ 19. ಎರಡರ ಗಣಿತವೂ ಒಂದೇ. ಕೀಲನ್ನು ಲಂಡನ್ನಿನ ಅಕ್ಷಾಂಶಕ್ಕೆ ತಕ್ಕಂತೆ ಬಾಗಿಸಿಟ್ಟು ಒಂದು ತುದಿಯನ್ನು ಗಡಿಯಾರದಂತೆ ಸಮನಾಗಿ ತಿರುಗಿಸಿದರೆ, ಇನ್ನೊಂದು ತುದಿ ನೆರಳಿನ ಹೆಜ್ಜೆ ಹಾಕುತ್ತದೆ. (ಬೆಂಗಳೂರಿನ ನೆಲಕ್ಕೆ ಈ ಉಪಾಯ ನಡೆಯದು, ಕೀಲು 77 ಡಿಗ್ರಿ ಬಾಗಬೇಕು, ಅಷ್ಟು ಬಾಗಿಸಿದರೆ ಅದು ಸಿಕ್ಕಿಹಾಕಿಕೊಳ್ಳುತ್ತದೆ.) ಕುಂಟು ಬೇಡವಾದರೆ ಏನು ಮಾಡಬೇಕೆಂದೂ ಹುಕ್ 1683ರಲ್ಲಿ ಹೇಳಿದ: ನಡುವೆ ಒಂದು ಶಾಫ್ಟಿಟ್ಟು ಅದರ ಎರಡೂ ತುದಿಗೆ ಒಂದೊಂದು ಕೀಲು ಹಾಕಿ, ಒಂದರ ತಪ್ಪನ್ನು ಇನ್ನೊಂದು ಅಳಿಸಲಿ.

ಹೆರಾಲ್ಡ್‌ನಲ್ಲಿ ಎರಡನೆಯ ಕೀಲಿಲ್ಲ. ಓರೆ ಚಿಕ್ಕದಾದ್ದರಿಂದ ಕುಂಟು ಗೊತ್ತಾಗುವುದಿಲ್ಲ, ನಿಜ. ತೊಂದರೆ ಬೇರೆ ಕಡೆಯದು. ಚಕ್ರ ಶಾಫ್ಟಿಗೆ ನೆಟ್ಟಗೆ ಬಿಗಿದಿರುವುದರಿಂದ ಶಾಫ್ಟು ವಾಲಿದಷ್ಟೂ ಚಕ್ರವೂ ವಾಲಲೇಬೇಕು. ವೇಗವಾಗಿ ತಿರುವು ತೆಗೆದುಕೊಳ್ಳುವಾಗ ಕಾರಿನ ಹಿಂಭಾಗ ಮೇಲೆದ್ದರೆ ಹೊರಬದಿಯ ಚಕ್ರ ಒಳಕ್ಕೆ ಮಡಿಚಿಕೊಂಡು ನೆಲದ ಹಿಡಿತ ಬಿಡುತ್ತದೆ. ಅಮೆರಿಕದ ಷೆವರ್ಲೆ ಕೊರ್ವೇರ್ ಕಾರಿನ ಹಿಂದೆಯೂ ಇದೇ ಜಾತಿಯ ಆಕ್ಸಲ್ ಇತ್ತು. 1965ರಲ್ಲಿ ರಾಲ್ಫ್ ನೇಡರ್ ತನ್ನ ಪುಸ್ತಕದ ಮೊದಲ ಅಧ್ಯಾಯದಲ್ಲೇ ಅದನ್ನು ಕಟಕಟೆಗೆ ತಂದು ನಿಲ್ಲಿಸಿದ. ಪುಸ್ತಕ ಬರುವಷ್ಟರಲ್ಲಿ ಕಂಪನಿ ಪ್ರತಿ ಶಾಫ್ಟಿಗೂ ಎರಡೆರಡು ಕೀಲು ಹಾಕಿಯಾಗಿತ್ತು. ಟ್ರಯಂಫ್ ಕೂಡ 1968ರಲ್ಲಿ ಹೆರಾಲ್ಡ್‌ನದೇ ಕುಟುಂಬದ ವೇಗದ ಕಾರುಗಳಿಗೆ ರಬ್ಬರಿನ ಎರಡನೆಯ ಕೀಲು ಕೊಟ್ಟಿತು.

ಮದರಾಸು ಮಾತ್ರ ಉಲ್ಟಾ ಹೋಯಿತು. ಇಲ್ಲಿ ಹೆರಾಲ್ಡ್‌ಗೆ ನಾಲ್ಕು ಬಾಗಿಲು ಬಂದವು. ಆಮೇಲೆ 1970ರ ದಶಕದ ಆರಂಭದಲ್ಲಿ, ಅದೇ ಕಾರನ್ನು ತಿದ್ದಿ ಸ್ಟ್ಯಾಂಡರ್ಡ್ ಗೆಜೆಲ್ ಎಂದು ತಂದಾಗ, ಹಿಂದೆ ಅಂಬಾಸಿಡರ್ ಮಾದರಿಯ ಗಟ್ಟಿ ಆಕ್ಸಲ್ ಕೂತಿತ್ತು. ಹಳೆಯದು ನಮ್ಮ ಮಾಲೀಕರಿಗೂ ಮೆಕ್ಯಾನಿಕ್‌ಗಳಿಗೂ ಒಗ್ಗಲಿಲ್ಲ ಎಂಬುದು ಸಾಮಾನ್ಯವಾಗಿ ಹೇಳುವ ಕಾರಣ. ಹಿನ್ನಡೆ ಎಂದು ನಾನೂ ಅಂದುಕೊಂಡಿದ್ದೆ, ಆ ಮಧ್ಯಾಹ್ನದವರೆಗೆ.

ಕ್ರಾಸ್ ಬದಲಿಸುವುದು ದೊಡ್ಡ ಮಾತಲ್ಲ. ಆದರೆ ಹೆರಾಲ್ಡ್‌ನ ಶಾಫ್ಟು ಬರೀ ತಿರುಗುವ ಕೋಲಲ್ಲ, ಚಕ್ರವನ್ನು ಹಿಡಿದಿರುವ ತೋಳೂ ಹೌದು. ಬ್ರೇಕ್ ಪೈಪು, ಹ್ಯಾಂಡ್‌ಬ್ರೇಕ್ ಕೇಬಲ್, ಶಾಕ್ ಅಬ್ಸಾರ್ಬರ್ ಎಲ್ಲ ಬಿಚ್ಚಬೇಕು; ಅದಕ್ಕೆ ಮೊದಲು ಕೆಳಗಿನಿಂದ ಇನ್ನೊಂದು ಜಾಕ್ ಕೊಡದಿದ್ದರೆ ಸ್ಪ್ರಿಂಗು ಒದೆಯುತ್ತದೆ. ಶಾಫ್ಟಿನ ಹೊರತುದಿಯ ಬೇರಿಂಗನ್ನೂ ನೋಡಬೇಕೆಂದರೆ ಹಬ್ ಕಳಚಬೇಕು. ಅದು ಚೂಪಾದ ತುದಿಗೆ ಕಚ್ಚಿ ಕೂತಿರುತ್ತದೆ, ಅದಕ್ಕೆಂದೇ ಮಾಡಿದ ಪುಲ್ಲರ್ ಬೇಕು. ಇಲ್ಲದವರು ಸುತ್ತಿಗೆ ಎತ್ತುತ್ತಾರೆ, ಹಬ್ ಸೊಟ್ಟಗಾಗುತ್ತದೆ. ನಮ್ಮವರು ಎರವಲು ತಂದ ಪುಲ್ಲರ್ ಬಿಗಿದು, ಟೀ ಕುಡಿದು, ಮತ್ತೆ ಬಿಗಿದು, ಒಂದೂವರೆ ಗಂಟೆ ಕಾದರು. ಬಿಟ್ಟಾಗ ಪಟಾಕಿ ಹೊಡೆದಂತೆ ಸದ್ದು. ರಾಯರು ಮಹಡಿಯಿಂದ ಇಣುಕಿದರು. ಊರೂರಿನ ಗ್ಯಾರೇಜಿನಲ್ಲಿ ಇಂಥ ಪುಲ್ಲರ್ ಎಲ್ಲಿಂದ ಬರಬೇಕಿತ್ತು? ಗಟ್ಟಿ ಆಕ್ಸಲ್‌ಗೆ ಮರಳಿದವರ ಬಗ್ಗೆ ನನ್ನ ತಕರಾರು ಅಲ್ಲಿಗೆ ಮುಗಿಯಿತು.

ಶಾಫ್ಟಿನ ಮೇಲೆ ಬೇರಿಂಗ್ ಓಡುವ ಜಾಗವನ್ನು ಮೆಕ್ಯಾನಿಕ್ ಉಗುರಿನಿಂದ ಸವರಿ ನೋಡಿದರು. ಗೆರೆ ಬಿದ್ದಿದ್ದರೆ ಹೊಸ ಶಾಫ್ಟು ಹುಡುಕಬೇಕು, ಸಿಗುವುದು ಕಷ್ಟ. ಉಗುರು ಎಲ್ಲೂ ತಡೆಯಲಿಲ್ಲ. ರಾಯರಿಗೆ ಸನ್ನೆ ಮಾಡಿದೆ. ಹಳೆಯ ಕ್ರಾಸಿನ ಕಪ್‌ಗಳಲ್ಲಿ ಗ್ರೀಸು ಒಣಗಿ ಕೆಂಪು ಹುಡಿಯಾಗಿತ್ತು. ಹೊಸದರ ನಾಲ್ಕನೆಯ ಕಪ್ ಒಳಗೆ ಕೂರಲಿಲ್ಲ, ಸರ್ಕ್ಲಿಪ್‌ಗೆ ಜಾಗ ಸಾಲದು. ಹೊಡೆದು ಕೂರಿಸಬಹುದಲ್ಲ ಎಂದೆ. ಅವರು ತಲೆಯಾಡಿಸಿ ಕಪ್ ಹೊರತೆಗೆದು ಬೆಳಕಿಗೆ ಹಿಡಿದರು. ಸೂಜಿಯೊಂದು ಉಳಿದವುಗಳ ಸಾಲು ಬಿಟ್ಟು ತಳದಲ್ಲಿ ಅಡ್ಡ ಮಲಗಿತ್ತು. ಗ್ರೀಸು ಮೆತ್ತಿದ ಕಿರುಬೆರಳಿನಿಂದ ಅದನ್ನು ಎಬ್ಬಿಸಿ ಗೋಡೆಗೆ ಒರಗಿಸಿ, ಮತ್ತೆ ಕೂರಿಸಿದರು.